‘ಶೆಲ್ಟರ್‌ಗೆ ಹಾಕಿ’ ಅಂತೀವಿ, ಯಾವ ಶೆಲ್ಟರ್‌ಗೆ?

ಬೀದಿನಾಯಿಗಳ ಮಾತು ಬಂದಾಗೆಲ್ಲ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: ‘ಎಲ್ಲವನ್ನೂ ಹಿಡಿದು ಶೆಲ್ಟರ್‌ಗೆ ಹಾಕಿಬಿಡಿ.’ ಹೇಳುವವರು ಕೆಟ್ಟವರೇನಲ್ಲ. ಮಗುವಿಗೆ ನಾಯಿ ಕಚ್ಚಿದ ಮನೆಯವರ ಸಂಕಟ ಸಣ್ಣದಲ್ಲ. ಆದರೆ ಅವರ ಮನಸ್ಸಿನಲ್ಲಿರುವಂಥ ಶೆಲ್ಟರ್ ನಮ್ಮ ಊರುಗಳಲ್ಲಿ ಇಲ್ಲ. ಇರುವವು ಶುರುವಾಗಿದ್ದು ಬೇರೆ ಕೆಲಸಕ್ಕೆ.

ಇದು ಎಲ್ಲರ ಕಣ್ಣಿಗೆ ಬಿದ್ದಿದ್ದು 2025ರಲ್ಲಿ. ಆಗಸ್ಟ್ 11ರಂದು ಸುಪ್ರೀಂ ಕೋರ್ಟ್, ದೆಹಲಿ ಮತ್ತು ಸುತ್ತಲಿನ ಬೀದಿನಾಯಿಗಳನ್ನು ಹಿಡಿದು ಶೆಲ್ಟರ್‌ಗೆ ಸೇರಿಸಿ, ವಾಪಸ್ ಬಿಡಬೇಡಿ ಎಂದಿತು. ಶೆಲ್ಟರ್ ವ್ಯವಸ್ಥೆಗೆ ಎಂಟು ವಾರ ಗಡುವು. ಲಕ್ಷಗಟ್ಟಲೆ ನಾಯಿಗಳಿಗೆ ಜಾಗ ಎಲ್ಲಿದೆ ಎಂಬ ಗದ್ದಲ ಎದ್ದಿತು. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಆದೇಶವನ್ನು ಬದಲಿಸಿತು. ಆಪರೇಷನ್ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಿ. ರೇಬಿಸ್ ಇರುವ, ಮೈಮೇಲೆ ಬೀಳುವ ನಾಯಿಗಳನ್ನು ಮಾತ್ರ ಬಿಡಬೇಡಿ. ಅದೇ ಆದೇಶದಲ್ಲಿ ಜಾಸ್ತಿ ಚರ್ಚೆಯಾಗದ ಒಂದು ಸಾಲಿತ್ತು. ನಾಯಿಯನ್ನು ದತ್ತು ಪಡೆಯಬೇಕೆನ್ನುವವರು ಪಾಲಿಕೆಗೆ ಅರ್ಜಿ ಹಾಕಬಹುದು, ಆದರೆ ಆ ನಾಯಿ ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವುದು ಅವರದೇ ಜವಾಬ್ದಾರಿ. ನವೆಂಬರ್ 7ರಂದು ಇನ್ನೊಂದು ಆದೇಶ: ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದಂಥ ಕಡೆ ಹಿಡಿದ ನಾಯಿಗಳನ್ನು ಅಲ್ಲಿಗೆ ವಾಪಸ್ ಬಿಡುವಂತಿಲ್ಲ. ಮತ್ತೆ ಅದೇ ಪ್ರಶ್ನೆ, ಯಾವ ಶೆಲ್ಟರ್‌ಗೆ?

ಉತ್ತರ ಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬ್ರಿಟಿಷರ ಕಾಲದಲ್ಲಿ ಪ್ರಶ್ನೆಯೇ ಇರಲಿಲ್ಲ. ಹಿಡಿಯುವುದು, ಕೊಲ್ಲುವುದು, ಅಷ್ಟೇ. 1832ರಲ್ಲಿ ಬಾಂಬೆಯಲ್ಲಿ ನಾಯಿ ಕೊಂದವರಿಗೆ ತಲಾ ಎಂಟಾಣೆ ಇನಾಮು ಸಿಗುತ್ತಿತ್ತು. ಎಂಟಾಣೆ ಆಸೆಗೆ ಸಾಕಿದ ನಾಯಿಗಳಿಗೂ ದೊಣ್ಣೆ ಬಿತ್ತು. ನಾಯಿಯನ್ನು ಪವಿತ್ರವೆಂದು ಕಾಣುವ ಪಾರ್ಸಿಗಳು ಸುಮ್ನಿರಲಿಲ್ಲ. ಜೂನ್‌ನಲ್ಲಿ ಅಂಗಡಿ ಮುಚ್ಚಿದರು, ಬೀದಿಗಿಳಿದರು, ಕೊಲಾಬಾದ ಸೈನಿಕರಿಗೆ ಹೋಗುತ್ತಿದ್ದ ದಿನಸಿಗೇ ತಡೆ ಹಾಕಿದರು. ಬೀದಿನಾಯಿ ಹೆಸರಿನಲ್ಲಿ ಈ ದೇಶದಲ್ಲಿ ನಡೆದ ಮೊದಲ ದೊಡ್ಡ ಗಲಾಟೆ ಬಹುಶಃ ಅದೇ.

ಮದ್ರಾಸಿನಲ್ಲಿ ಪಾಲಿಕೆ ನೂರಕ್ಕೂ ಹೆಚ್ಚು ವರ್ಷ ನಾಯಿ ಕೊಂದಿತು. ನಾಯಿಗಳೇನೂ ಕಡಿಮೆಯಾಗಲಿಲ್ಲ. ಕಾರಣ ಸರಳ. ಬೀದಿಯಲ್ಲಿ ಕಸ ಇದೆ, ಅನ್ನ ಇದೆ, ಕೋಳಿ ಅಂಗಡಿಯ ಚೂರುಪಾರು ಇದೆ. ಒಂದು ಗುಂಪು ಹೋದರೆ ಪಕ್ಕದ ಬೀದಿಯ ಗುಂಪು ಬಂದು ಕೂರುತ್ತದೆ. ಹೊಸ ಗುಂಪಿಗೆ ಲಸಿಕೆಯೂ ಆಗಿರುವುದಿಲ್ಲ, ಬೀದಿಯ ಜನರ ಪರಿಚಯವೂ ಇರುವುದಿಲ್ಲ.

ಇದನ್ನು ಮೊದಲೇ ಕಂಡುಕೊಂಡವರಲ್ಲಿ ಒಬ್ಬರು ಕ್ಯಾಪ್ಟನ್ ವಿ. ಸುಂದರಂ. ಮೈಸೂರು ಮಹಾರಾಜರ ವಿಮಾನ ಹಾರಿಸುತ್ತಿದ್ದವರು, ಬೆಂಗಳೂರಿನ ಜಕ್ಕೂರು ವಿಮಾನ ತರಬೇತಿ ಶಾಲೆಯ ಜೊತೆಗೂ ಅವರ ನಂಟಿತ್ತು. ಮುಂದೆ ಮದ್ರಾಸಿನಲ್ಲಿ ನೆಲೆಸಿದರು. 1959ರ ಒಂದು ಜೋರು ಮಳೆಯಲ್ಲಿ ಬೀದಿಯ ನೀರಲ್ಲಿ ಮುಳುಗುತ್ತಿದ್ದ ಎರಡು ಮರಿಗಳನ್ನು ಎತ್ತಿ ಮನೆಗೆ ತಂದರು. ಅಲ್ಲಿಂದ ಬೆಳೆದದ್ದು ಬ್ಲೂ ಕ್ರಾಸ್ ಸಂಸ್ಥೆ. ಕೊಲ್ಲಬೇಡಿ, ಸಂತಾನ ತಡೆಯುವ ಆಪರೇಷನ್ ಮಾಡಿ ಎಂದು ಅವರು 1964ರಿಂದ ಹೇಳುತ್ತ ಬಂದರು. ಪಾಲಿಕೆ ಕಿವಿಗೊಟ್ಟಿದ್ದು 1996ರಲ್ಲಿ. ಮೂವತ್ತೆರಡು ವರ್ಷ!

2001ರಲ್ಲಿ ಇದೇ ಕೇಂದ್ರ ಸರ್ಕಾರದ ನಿಯಮವಾಯಿತು. ಜನ ಅದನ್ನು ಎಬಿಸಿ (ಅನಿಮಲ್ ಬರ್ತ್ ಕಂಟ್ರೋಲ್, ಪ್ರಾಣಿಗಳ ಸಂತಾನ ನಿಯಂತ್ರಣ) ಅನ್ನುತ್ತಾರೆ. ನಾಯಿ ಹಿಡಿ, ಆಪರೇಷನ್ ಮಾಡು, ರೇಬಿಸ್ ಲಸಿಕೆ ಹಾಕು, ಗುರುತಿಗೆ ಕಿವಿ ಕತ್ತರಿಸು, ಗಾಯ ಮಾಯುವವರೆಗೆ ಇಟ್ಟುಕೊಂಡು ಅದೇ ಬೀದಿಗೆ ಬಿಡು. ನಿಮ್ಮ ಬೀದಿಯ ನಾಯಿಯ ಕಿವಿಯ ತುದಿಯಲ್ಲಿ ಒಂದು ಚೂರು ಇಲ್ಲದಿದ್ದರೆ ಅದು ಜಗಳದ ಗಾಯವೇ ಆಗಿರಬೇಕಿಲ್ಲ, ಆಪರೇಷನ್ ಆದ ಗುರುತಿರಬಹುದು. 2023ರಲ್ಲಿ ನಿಯಮಗಳು ಹೊಸದಾಗಿ ಬಂದವು, ಮೂಲ ಸೂತ್ರ ಬದಲಾಗಲಿಲ್ಲ.

ಅಂದರೆ ನಾಯಿಯ ಮನೆ ಬೀದಿಯೇ ಎಂದು ಕಾನೂನು ಒಪ್ಪಿಕೊಂಡಿತು. ಪಾಲಿಕೆಯ ನಾಯಿ ಕೇಂದ್ರ ಎಂದರೆ ಒಂದು ಆಪರೇಷನ್ ಕೋಣೆ, ಕೆಲವು ಗೂಡು. ಬಂದದ್ದು ಹೋಗುತ್ತಲೇ ಇರಬೇಕು.

ಬೆಂಗಳೂರಿನ ಕಥೆಗೂ ಒಂದು ದೂರದ ಕೊಂಡಿ ಇದೆ. ಕ್ರಿಸ್ಟಲ್ ರಾಜರ್ಸ್ ಎಂಬ ಇಂಗ್ಲಿಷ್ ಹೆಂಗಸು ದೆಹಲಿಯ ರಸ್ತೆ ಬದಿಯಲ್ಲಿ ಸಾಯುತ್ತ ಬಿದ್ದಿದ್ದ ಕುದುರೆಯೊಂದನ್ನು ಕಂಡು ಇಲ್ಲೇ ಉಳಿದುಬಿಟ್ಟರು. 1959ರಲ್ಲಿ ದೆಹಲಿಯಲ್ಲಿ, 1980ರಲ್ಲಿ ಜೈಪುರದಲ್ಲಿ ಸಂಸ್ಥೆ ಕಟ್ಟಿದರು. ಇಳಿವಯಸ್ಸಿನಲ್ಲಿ ಬೆಂಗಳೂರಿಗೆ ಬಂದು 1991ರಲ್ಲಿ ‘ಕ್ಯೂಪಾ’ ಎಂಬ ಪ್ರಾಣಿದಯಾ ಸಂಸ್ಥೆ ಶುರು ಮಾಡಿದರು. 2007ರ ಆರಂಭದಲ್ಲಿ ಬೀದಿನಾಯಿಗಳ ದಾಳಿಗೆ ಇಬ್ಬರು ಮಕ್ಕಳು ಬಲಿಯಾದಾಗ ನಗರ ಸಿಟ್ಟಿಗೆದ್ದಿತು, ನಾಯಿಗಳನ್ನು ಸಾಮೂಹಿಕವಾಗಿ ಹಿಡಿದು ಕೊಂದದ್ದೂ ಆಯಿತು. ಆಮೇಲೆ ಮತ್ತೆ ಎಬಿಸಿಯೇ ಗತಿ. ಬಿಬಿಎಂಪಿ ಸಮೀಕ್ಷೆ ಪ್ರಕಾರ 2019ರಲ್ಲಿ 3.10 ಲಕ್ಷ ಇದ್ದ ಬೀದಿನಾಯಿಗಳು 2023ರಲ್ಲಿ 2.79 ಲಕ್ಷಕ್ಕೆ ಇಳಿದವು. ಆಪರೇಷನ್ ಆದವು ಶೇ 70ಕ್ಕಿಂತ ಜಾಸ್ತಿ. ನಿಧಾನ ಅನ್ನುವುದು ನಿಜ. ಕೆಲಸ ಮಾಡುತ್ತಿದೆ ಅನ್ನುವುದೂ ನಿಜ.

ಜನರ ಭಯಕ್ಕೂ ಒಂದು ಇತಿಹಾಸವಿದೆ, ಅದನ್ನು ನಗೆಯಾಡಬಾರದು. ನಮ್ಮ ಹಿರಿಯರಿಗೆ ನಾಯಿ ಕಡಿತ ಅಂದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್. ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಆ ಹಳೇ ಲಸಿಕೆ 2005ರ ಹೊತ್ತಿಗೆ ನಿಂತಿತು. ಈಗ ತೋಳಿಗೆ ಕೆಲವೇ ಡೋಸ್. ಇಂಜೆಕ್ಷನ್ ಹೋಯಿತು, ಭಯ ಉಳಿಯಿತು. ಮನುಷ್ಯರಿಗೆ ಬರುವ ರೇಬಿಸ್‌ನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ನಾಯಿಯಿಂದಲೇ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾಯಿಗಳಲ್ಲಿ ಶೇ 70ಕ್ಕೆ ಲಸಿಕೆ ಬಿದ್ದರೆ ರೋಗ ಹರಡುವುದು ನಿಲ್ಲುತ್ತದೆ ಅನ್ನುವುದೂ ಅವರೇ.

ಹಾಗಾದರೆ ಸಂಘಸಂಸ್ಥೆಗಳ ಶೆಲ್ಟರ್‌ಗಳಲ್ಲಿ ಇರುವವು ಯಾವುವು? ಬೀದಿಗೆ ವಾಪಸ್ ಹೋಗಲಾಗದವು. ಗಾಡಿ ಮೈಮೇಲೆ ಹರಿದು ಹಿಂಗಾಲು ಸತ್ತವು, ಕುರುಡಾದವು, ತಾಯಿ ಕಳೆದುಕೊಂಡ ಮರಿಗಳು. ಜೊತೆಗೆ ನೋಡಿದವರಿಗೆ ಆಶ್ಚರ್ಯವಾಗುವ ಒಂದು ಗುಂಪು: ಕಾಸು ಕೊಟ್ಟು ಕೊಂಡು, ಬೇಡವಾದಾಗ ಬಿಟ್ಟುಹೋದ ಜಾತಿನಾಯಿಗಳು. ಹಿಮದ ನಾಡಿನ ಹಸ್ಕಿಯನ್ನು ತಂದು ಫ್ಲಾಟ್‌ನ ಬಾಲ್ಕನಿಯಲ್ಲಿ ಕಟ್ಟಿದರೆ ಇನ್ನೇನಾಗುತ್ತದೆ? ಲಾಕ್‌ಡೌನ್‌ನಲ್ಲಿ ಮನೆಗೆ ತಂದು, ಆಫೀಸು ತೆರೆದ ಮೇಲೆ ಕೈಬಿಟ್ಟವರೂ ಇದ್ದಾರೆ. ಮರಿ ಹಾಕಿಸಿ ಮಾರುವವರಿಗೆ 2017ರಿಂದ ನೋಂದಣಿ ಕಡ್ಡಾಯ. ಕಾಗದದಲ್ಲಿ.

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ಅಪಾಯಕಾರಿ ಎಂದು ನಿಷೇಧಿಸಲು ಹೊರಟಿತು. ಸಂಬಂಧಪಟ್ಟವರ ಮಾತನ್ನೇ ಕೇಳಿಲ್ಲ ಎಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಆ ಸುತ್ತೋಲೆ ರದ್ದು ಮಾಡಿತು. ನನ್ನ ಕೇಳಿದರೆ ತಳಿಯ ಪಟ್ಟಿಗಿಂತ ಮಾರುವವರ ಪಟ್ಟಿ ಮೊದಲು ಬೇಕು.

ದತ್ತು ಬರುವುದು ಈ ಜಾಗದಲ್ಲಿ. ಶೆಲ್ಟರ್‌ನಿಂದ ಒಂದು ನಾಯಿ ಹೊರಗೆ ಹೋದರೆ ಮಾತ್ರ ರಸ್ತೆಯಲ್ಲಿ ಬಿದ್ದ ಇನ್ನೊಂದಕ್ಕೆ ಗೂಡು ಖಾಲಿ. ಆದರೆ ಬರುವವರು ಮೊದಲು ಕೇಳುವುದು ಲ್ಯಾಬ್ರಡಾರ್ ಇದೆಯಾ ಅಂತ. ನಾಟಿ ನಾಯಿ, ಅದರಲ್ಲೂ ಬೆಳೆದ ನಾಟಿ ನಾಯಿ ಕೊನೆಗೆ ಉಳಿಯುತ್ತದೆ. ಕನ್ನಡ ನಾಡಿಗಂತೂ ಇದು ಒಪ್ಪುವ ಮಾತಲ್ಲ. ಹತ್ತನೇ ಶತಮಾನದಲ್ಲಿ ಏನು ಬೇಕಾದರೂ ಕೇಳು ಎಂದು ರಾಜ ಹೇಳಿದಾಗ ಮಣಲೇರ ಎಂಬ ವೀರ ಕೇಳಿದ್ದು ‘ಕಾಳಿ’ ಎಂಬ ನಾಯಿಯನ್ನು. ಹಂದಿಯ ಜೊತೆ ಕಾದಾಡಿ ಸತ್ತ ಆ ಕಾಳಿಗೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದರು. ಆ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ದತ್ತು ಕೊಡುವವರು ಸಾಮಾನ್ಯವಾಗಿ ಫಾರಂ ತುಂಬಿಸುತ್ತಾರೆ, ಮನೆ ನೋಡಲು ಬರುತ್ತಾರೆ. ಬಾಡಿಗೆ ಮನೆಯಾ? ಓನರ್ ಒಪ್ಪಿದ್ದಾರಾ? ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ? ಮನೆಯಲ್ಲಿ ಅಜ್ಜಿಗೆ ಇಷ್ಟ ಇದೆಯಾ? ಇಷ್ಟೊಂದು ವಿಚಾರಣೆ ಯಾಕೆ ಅಂತ ಕೆಲವರು ಮುಖ ಸಿಂಡರಿಸುತ್ತಾರೆ. ತಿಂಗಳಲ್ಲೇ ವಾಪಸ್ ಬಂದ ನಾಯಿಗಳನ್ನು ಕಂಡವರು ಕೇಳುವ ಪ್ರಶ್ನೆ ಅವು. ಬಂದ ನಾಯಿ ಮೊದಮೊದಲು ಮಂಚದ ಕೆಳಗೆ ಸೇರಿಕೊಳ್ಳಬಹುದು, ಅನ್ನ ಮುಟ್ಟದೇ ಇರಬಹುದು, ಮಿಕ್ಸಿ ಸದ್ದಿಗೆ ಬೆಚ್ಚಬಹುದು. ಕೈ ಹಾಕಿ ಎಳೆಯಬಾರದು. ನೀರು ಹತ್ತಿರ ಇಟ್ಟು ನಿಮ್ಮ ಪಾಡಿಗೆ ನೀವಿದ್ದರೆ ಅದೇ ಹೊರಗೆ ಬರುತ್ತದೆ. ಮರಿಯಾದರೆ ಪಾರ್ವೊ ಎಂಬ ಸೋಂಕಿನ ವಿರುದ್ಧದ ಲಸಿಕೆಗಳ ಕೋರ್ಸ್ ಮುಗಿಯುವವರೆಗೆ ಬೀದಿಗೆ ಬಿಡುವಂತಿಲ್ಲ, ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಆಮೇಲೆ ಆಪರೇಷನ್.

ಇನ್ನು ದುಡ್ಡಿನ ವಿಷಯ. 2025ರ ಜುಲೈನಲ್ಲಿ ಬಿಬಿಎಂಪಿ ಬೀದಿನಾಯಿಗಳಿಗೆ ಚಿಕನ್ ರೈಸ್ ಕೊಡಲು ಟೆಂಡರ್ ಕರೆದಾಗ ಊರೆಲ್ಲ ನಕ್ಕಿತು. ಅದರಲ್ಲಿ ಒಂದು ನಾಯಿಯ ಒಂದು ಊಟಕ್ಕೆ ಹಾಕಿದ್ದ ಲೆಕ್ಕ ಸುಮಾರು 22 ರೂಪಾಯಿ. ಅದೇ ಲೆಕ್ಕದಲ್ಲಿ 2.79 ಲಕ್ಷ ನಾಯಿಗಳನ್ನೂ ಕೂಡಿಹಾಕಿ ದಿನಕ್ಕೆ ಒಂದೇ ಹೊತ್ತು ಅನ್ನ ಹಾಕಿದರೂ ದಿನದ ಖರ್ಚು 60 ಲಕ್ಷ ದಾಟುತ್ತದೆ. ಜಾಗ, ಡಾಕ್ಟರು, ಆಳುಗಳ ಸಂಬಳ ಬೇರೆ.

ಖಾಸಗಿ ಶೆಲ್ಟರ್‌ಗಳು ನಡೆಯುವುದು ಬಹುಪಾಲು ದಾನದಿಂದಲೇ. ಮಗುವಿನ ಹುಟ್ಟುಹಬ್ಬಕ್ಕೆ ಬಿಸ್ಕತ್ ಪ್ಯಾಕೆಟ್ ಹಿಡಿದು ಬರುವವರು ಬಹಳ. ಆದರೆ ಶೆಲ್ಟರ್‌ನವರಿಗೆ ಹೆಚ್ಚು ಬೇಕಾದದ್ದು ಪ್ರತಿ ತಿಂಗಳೂ ತಪ್ಪದೆ ಬರುವ ಸಣ್ಣ ಮೊತ್ತ, ಅಕ್ಕಿ ಮೂಟೆ, ಹಳೇ ಬೆಡ್‌ಶೀಟು, ಗೂಡಿಗೆ ಹಾಸಲು ನ್ಯೂಸ್‌ಪೇಪರ್. ಇಡೀ ಜೀವಮಾನಕ್ಕೆ ನಾಯಿ ಸಾಕುವ ಧೈರ್ಯ ಇಲ್ಲದವರಿಗೆ ಫಾಸ್ಟರಿಂಗ್ ಇದೆ: ಆಪರೇಷನ್ ಆದ ಒಂದು ನಾಯಿಯನ್ನೋ, ಕಣ್ಣು ಬಿಟ್ಟ ಮರಿಗಳನ್ನೋ ಕೆಲವು ವಾರ ಮನೆಯಲ್ಲಿಟ್ಟುಕೊಳ್ಳುವುದು. ಔಷಧಿ ಖರ್ಚನ್ನು ಎಷ್ಟೋ ಕಡೆ ಸಂಸ್ಥೆಯೇ ನೋಡಿಕೊಳ್ಳುತ್ತದೆ. ಮೊದಲೇ ಮಾತಾಡಿಕೊಂಡಿರಿ.