ಕತ್ತು ಮೆದುವಾಗಿರಲಿ, ತಳ ಗಟ್ಟಿಯಾಗಿರಲಿ

ಗುಂಡು ಹಾರಿದ ಮೇಲೆ ರೈಫಲ್ ಕಾಡತೂಸಿನಲ್ಲಿ ಉಳಿಯುವುದು ಹಿತ್ತಾಳೆಯ ಕೋಶ ಒಂದೇ. ಮದ್ದು ಉರಿದು ಅನಿಲವಾಗಿರುತ್ತದೆ, ಕೇಪು ಸಿಡಿದು ಮುಗಿದಿರುತ್ತದೆ. ಅಮೆರಿಕದಂತಹ ದೇಶಗಳಲ್ಲಿ ಹವ್ಯಾಸಿ ಗುರಿಕಾರರು ಈ ಕೋಶವನ್ನು ಎಸೆಯುವುದಿಲ್ಲ. ಅದಕ್ಕೆ ಹೊಸ ಕೇಪು, ಮದ್ದು, ಗುಂಡು ಕೂರಿಸಿ ಮತ್ತೆ ಬಳಸುತ್ತಾರೆ. ಹಳೆಯ ರೈಫಲ್‌ಗೆ ಹೊಂದುವ ಕೋಶ ಅಂಗಡಿಯಲ್ಲಿ ಸಿಗದಿದ್ದರೆ, ಧಾರಾಳವಾಗಿ ಸಿಗುವ ಬೇರೊಂದು ಅಳತೆಯ ಕೋಶವನ್ನು ಅಚ್ಚಿನಲ್ಲಿ ಒತ್ತಿ, ಉದ್ದ ಕತ್ತರಿಸಿ, ಬೇಕಾದ ಅಳತೆಗೆ ತಂದುಕೊಳ್ಳುವುದೂ ಅಲ್ಲಿ ಹಳೆಯ ರೂಢಿ.

ಕಾರ್ಕಳ ಮೂಲದ, ಈಗ ಅಲ್ಲಿ ಎಂಜಿನಿಯರ್ ಆಗಿರುವ ಓದುಗರೊಬ್ಬರು .30-06 ಎಂಬ ಅಳತೆಯ ಕೋಶಗಳನ್ನು ಹಳೆಯ ಮೌಸರ್ ರೈಫಲ್ಲಿನ 8×57 ಅಳತೆಗೆ ಬದಲಾಯಿಸಿ, ಅವುಗಳ ಚಿತ್ರ ಕಳಿಸಿದ್ದಾರೆ. ಅಳತೆಗಳೆಲ್ಲ ಸರಿಯಾಗಿವೆ. ಆದರೆ ಕೆಲವು ಕೋಶಗಳ ಕತ್ತು, ಅಂದರೆ ಗುಂಡು ಕೂರುವ ಕಿರಿದಾದ ಮೇಲ್ತುದಿ, ಅಚ್ಚಿನಲ್ಲೇ ಸೀಳಿದೆ. ಇನ್ನು ಕೆಲವು ಅಚ್ಚಿನಿಂದ ಸುರಕ್ಷಿತವಾಗಿ ಹೊರಬಂದು, ಡಬ್ಬಿಯಲ್ಲಿ ಸುಮ್ಮನೆ ಕುಳಿತಿದ್ದಾಗ ಸೀಳಿವೆ. "ಯಾರೂ ಮುಟ್ಟದ ಹಿತ್ತಾಳೆ ತಾನಾಗಿ ಹೇಗೆ ಒಡೆಯುತ್ತದೆ ಸರ್?" ಎಂಬುದು ಅವರ ಪ್ರಶ್ನೆ. ಬೈಕಂಪಾಡಿಯ ಕಾರ್ಖಾನೆಗಳಿಂದ ಹಿಡಿದು ಮಲ್ಪೆಯ ಮಂಜುಗಡ್ಡೆ ಸ್ಥಾವರಗಳವರೆಗೆ, ಒಡೆದ ಲೋಹದ ಭಾಗ ಏಕೆ ಒಡೆಯಿತು ಎಂದು ಹುಡುಕುವುದು ನನ್ನ ವೃತ್ತಿ. ಇದಕ್ಕೆ ಉತ್ತರ ಕೋವಿಗಿಂತ ಹೆಚ್ಚಾಗಿ ಲೋಹದಲ್ಲೇ ಇದೆ. ಆ ಉತ್ತರದ ಒಂದು ಭಾಗ ಪತ್ತೆಯಾಗಲು ಕಾರಣವಾದದ್ದು ನಮ್ಮ ದೇಶದ ಮಳೆಗಾಲ.

ಕೋಶದ ಅಳತೆ ಬದಲಾಯಿಸುವುದು ಹವ್ಯಾಸಿಗಳು ಕಂಡುಹಿಡಿದ ವಿದ್ಯೆಯಲ್ಲ. 1871ರಲ್ಲಿ ಬ್ರಿಟಿಷ್ ಸೇನೆ ಸ್ವೀಕರಿಸಿದ ಮಾರ್ಟಿನಿ-ಹೆನ್ರಿ ರೈಫಲ್ಲಿನ ಕಾಡತೂಸಿನ ಹೆಸರು .577/450; ಅಂಕಿಗಳು ಇಂಚಿನ ಲೆಕ್ಕದವು. ಹಿಂದಿನ ಸ್ನೈಡರ್ ರೈಫಲ್ಲಿನ .577 ಕೋಶದ ಮಾದರಿಯನ್ನೇ ತೆಗೆದುಕೊಂಡು, ಅದರ ಬಾಯಿಯನ್ನು .450 ಗುಂಡಿಗೆ ಸರಿಯಾಗಿ ಕಿರಿದು ಮಾಡಿದ್ದು. ಮುಂದೆ ಈ .450 ಅಳತೆಯೇ ಸರ್ಕಾರಕ್ಕೆ ಭಯ ಹುಟ್ಟಿಸಿತು. ಬೇಟೆಗಾರರ .450 ಕಾಡತೂಸುಗಳು ಬಂಡುಕೋರರ ಕೈಯಲ್ಲಿದ್ದ ಮಾರ್ಟಿನಿ ರೈಫಲ್‌ಗಳ ಪಾಲಾಗಬಹುದೆಂದು ಭಾರತ ಮತ್ತು ಸುಡಾನಿನಲ್ಲಿ ಆ ಅಳತೆಯನ್ನು ನಿಷೇಧಿಸಿದರು. ಬ್ರಿಟಿಷ್ ಕೋವಿ ತಯಾರಕರು ಬೇರೆ ಅಳತೆ ಹುಡುಕಬೇಕಾಯಿತು. ಹಾಲೆಂಡ್ ಆಂಡ್ ಹಾಲೆಂಡ್ 1907ರಲ್ಲಿ ತಂದ 500/465 ಹಾಗೆ ಬಂದದ್ದು. .500 ಕೋಶದ ಕತ್ತು ಒತ್ತಿದ ವಿಷಯ ಅದರ ಹೆಸರಿನಲ್ಲೇ ಇದೆ.

ಇಷ್ಟೆಲ್ಲ ಒತ್ತುವಿಕೆಯನ್ನು ತಾಳುವುದು 70 ಪಾಲು ತಾಮ್ರ, 30 ಪಾಲು ಸತು ಇರುವ ಹಿತ್ತಾಳೆ. ಲೋಹಶಾಸ್ತ್ರದಲ್ಲಿ ಅದಕ್ಕೆ ಕಾಡತೂಸಿನ ಹಿತ್ತಾಳೆ ಎಂದೇ ಹೆಸರು. ಈ ಪ್ರಮಾಣದಲ್ಲಿ ಸತು ಪೂರ್ತಿಯಾಗಿ ತಾಮ್ರದ ಹರಳಿನೊಳಗೆ ಕರಗಿರುತ್ತದೆ. ಇಡೀ ಲೋಹ ಒಂದೇ ಬಗೆಯ ಹರಳುಗಳಿಂದ ಆಗಿರುತ್ತದೆ. ಹಾಗಾಗಿ ತಣ್ಣಗಿರುವಾಗಲೇ ಅದನ್ನು ಬಹಳ ಆಳಕ್ಕೆ ಎಳೆಯಬಹುದು. ಸತು 40 ಪಾಲಿಗೆ ಏರಿದರೆ ಇನ್ನೊಂದು ಬಗೆಯ ಗಡುಸು ಹರಳು ಸೇರಿಕೊಳ್ಳುತ್ತದೆ. ಕಾಯಿಸಿ ಅಚ್ಚಿಗೆ ಒತ್ತುವ ನಲ್ಲಿ, ವಾಲ್ವ್‌ಗಳಿಗೆ ಅದೇ ಒಳ್ಳೆಯದು. ತಣ್ಣಗಿರುವಾಗ ಎಳೆದರೆ ಹರಿದು ಹೋಗುತ್ತದೆ.

ಕಾರ್ಖಾನೆಯಲ್ಲಿ ಕೋಶ ಒಂದು ದಪ್ಪ ಬಿಲ್ಲೆಯಾಗಿ ಹುಟ್ಟುತ್ತದೆ. ಬಿಲ್ಲೆಯನ್ನು ಬಟ್ಟಲಾಗಿ ಒತ್ತುತ್ತಾರೆ, ಬಟ್ಟಲನ್ನು ಹಂತ ಹಂತವಾಗಿ ಕೊಳವೆಯಾಗಿ ಎಳೆಯುತ್ತಾರೆ. ಪ್ರತಿ ಎಳೆತದಲ್ಲಿ ಹರಳುಗಳ ಒಳಗೆ ಪದರಗಳು ಜಾರಿ, ಒಂದಕ್ಕೊಂದು ಸಿಕ್ಕಿಕೊಂಡು, ಲೋಹ ಗಡುಸಾಗುತ್ತ ಹೋಗುತ್ತದೆ. ಎರಡು ಎಳೆತಗಳ ನಡುವೆ ಕುಲುಮೆಯಲ್ಲಿ ಕಾಯಿಸಿದರೆ ಹೊಸ ಹರಳುಗಳು ಹುಟ್ಟಿ ಮತ್ತೆ ಮೆದುವಾಗುತ್ತದೆ. ಉಡುಪಿಯ ರಥಬೀದಿಯಲ್ಲಿ ಮಾರಾಟಕ್ಕಿರುವ ಬಡಿದು ಮಾಡಿದ ಕೊಡಪಾನವನ್ನು ತಯಾರಿಸಿದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ತಗಡು ಸುತ್ತಿಗೆಗೆ ಬಗ್ಗದೆ ಬೇರೆ ಸದ್ದು ಕೊಡಲು ಶುರು ಮಾಡಿದ ಕೂಡಲೇ ಅವರು ಬಡಿಯುವುದನ್ನು ನಿಲ್ಲಿಸಿ ಬೆಂಕಿಗೆ ಇಡುತ್ತಾರೆ. ಪ್ರಯೋಗಾಲಯದಲ್ಲಿ ಅದೇ ವ್ಯತ್ಯಾಸವನ್ನು ಅಂಕಿಯಲ್ಲಿ ಅಳೆಯುತ್ತೇವೆ: ಕಾಯಿಸಿ ಮೆದು ಮಾಡಿದ ಈ ಹಿತ್ತಾಳೆಯ ವಿಕರ್ಸ್ ಗಡಸುತನ ಸುಮಾರು 60ರಿಂದ 80, ಬಲವಾಗಿ ಒತ್ತಿದ ಮೇಲೆ 150ನ್ನು ದಾಟುತ್ತದೆ.

ಆದರೆ ಕೊಡಪಾನಕ್ಕಿಲ್ಲದ ಒಂದು ನಿಬಂಧನೆ ಕೋಶಕ್ಕಿದೆ. ಅದರ ತಳ ಮತ್ತು ಕತ್ತು ಮಾಡುವ ಕೆಲಸಗಳು ಬೇರೆ ಬೇರೆ. .30-06 ಕಾಡತೂಸಿನಲ್ಲಿ ಒತ್ತಡ ಚದರ ಇಂಚಿಗೆ 60,000 ಪೌಂಡುಗಳವರೆಗೆ ಏರಬಹುದು. ಕೋವಿಯ ನಳಿಗೆಯ ಹಿಂಬದಿಯಲ್ಲಿ, ಉಕ್ಕಿನ ಆಸರೆ ಪೂರ್ತಿ ಸಿಗದ ಜಾಗದಲ್ಲಿ ಆ ಒತ್ತಡವನ್ನು ತಡೆಯುವುದು ತಳದ ಗಟ್ಟಿತನ. ಕತ್ತು ಮಾತ್ರ ಮೆದುವಾಗಿರಬೇಕು: ಗುಂಡನ್ನು ಹಿಡಿದಿಡಬೇಕು, ಸಿಡಿದ ಕ್ಷಣದಲ್ಲಿ ಹಿಗ್ಗಿ ಗುಂಡನ್ನು ಬಿಟ್ಟುಕೊಟ್ಟು ಉಕ್ಕಿನ ಗೋಡೆಗೆ ಅಂಟಿ ಅನಿಲ ಹಿಂದಕ್ಕೆ ನುಗ್ಗದಂತೆ ಮುಚ್ಚಬೇಕು. ಆದ್ದರಿಂದಲೇ ಕಾರ್ಖಾನೆಯಲ್ಲಿ ಕೊನೆಯ ಹಂತದಲ್ಲಿ ಕತ್ತು ಮತ್ತು ಭುಜವನ್ನು (ಒಡಲು ಕಿರಿದಾಗಿ ಕತ್ತಿಗೆ ಸೇರುವ ಇಳಿಜಾರು) ಮಾತ್ರ ಕಾಯಿಸುತ್ತಾರೆ. ಸೇನೆಯ ಕಾಡತೂಸುಗಳ ಕತ್ತಿನಲ್ಲಿ ಕಾಣುವ ನೀಲಿ-ಕಂದು ಬಣ್ಣ ಆ ಕಾವಿನ ಗುರುತು. ನಾಗರಿಕರಿಗೆ ಮಾರುವ ಕೋಶಗಳಲ್ಲಿ ಸಾಮಾನ್ಯವಾಗಿ ಅದನ್ನು ಉಜ್ಜಿ ತೆಗೆದಿರುತ್ತಾರೆ. ಬಣ್ಣ ಕಂಡು ಸುಟ್ಟ ಮಾಲು ಎಂದುಕೊಳ್ಳುವವರಿದ್ದಾರೆ. ಅದು ಸರಿಯಲ್ಲ.

ಇನ್ನು ನಮ್ಮ ಓದುಗರು ಮಾಡಿದ ಕೆಲಸ. .30-06ರ ಮೂಲ ಮೌಸರ್ ವಂಶದಲ್ಲೇ ಇದೆ. ಎರಡರ ತಳವೂ ಸುಮಾರು 12 ಮಿ.ಮೀ. ಅಗಲ. ಹಾಗಾಗಿ ತಳವನ್ನು ಮುಟ್ಟುವ ಅಗತ್ಯವಿಲ್ಲ, ಇಂತಹ ಬದಲಾವಣೆಗೆ ಕೋಶ ಆರಿಸುವಾಗ ಮೊದಲು ನೋಡಬೇಕಾದದ್ದೂ ಅದನ್ನೇ. ಉದ್ದ 63 ಮಿ.ಮೀ.ನಿಂದ 57ಕ್ಕೆ ಇಳಿಯಬೇಕು, ಭುಜ ಕೆಲವು ಮಿ.ಮೀ. ಹಿಂದಕ್ಕೆ ಸರಿಯಬೇಕು, ಕತ್ತು 7.8 ಮಿ.ಮೀ. ಗುಂಡಿನ ಬದಲು 8.2 ಮಿ.ಮೀ. ಗುಂಡನ್ನು ಹಿಡಿಯುವಷ್ಟು ಹಿಗ್ಗಬೇಕು. ಅಂದರೆ ಹಳೆಯ ಭುಜವಿದ್ದ ಜಾಗ ಹೊಸ ಕತ್ತಾಗುತ್ತದೆ. ಹಳೆಯ ಒಡಲಿನ ಮೇಲ್ಭಾಗ ಹೊಸ ಭುಜವಾಗುತ್ತದೆ. ಕಿರಿದಾಗುವಾಗ ಲೋಹ ಗಡುಸಾಗಿ, ಆಮೇಲೆ ಹಿಗ್ಗುವಾಗ ಮತ್ತಷ್ಟು ಗಡುಸಾಗುತ್ತದೆ. ಅವರು ತೆಗೆದುಕೊಂಡದ್ದು ಹಲವು ಬಾರಿ ಹಾರಿಸಿದ ಸೇನೆಯ ಹಳೆಯ ಕೋಶಗಳನ್ನು; ಪ್ರತಿ ಬಾರಿ ಹಿಗ್ಗಿ, ಮತ್ತೆ ಅಚ್ಚಿನಲ್ಲಿ ಕುಗ್ಗಿ, ಆ ಕತ್ತುಗಳು ಮೊದಲೇ ದಣಿದಿದ್ದವು. ಹಿಗ್ಗಿಸುವ ಮೊದಲು ಕಾಯಿಸಿರಲಿಲ್ಲ. ಅಚ್ಚಿನಲ್ಲೇ ಸೀಳಿದವುಗಳಿಗೆ ಇಷ್ಟೇ ಕಾರಣ.

ಕಾಯಿಸುವುದರಲ್ಲಿ ತಪ್ಪು ತಿಳಿವಳಿಕೆ ಬಹಳ. ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಗಡುಸಾಗುತ್ತದೆ. ಅದನ್ನು ನೋಡಿದವರು ಹಿತ್ತಾಳೆಗೂ ನೀರಿನಿಂದ ಏನೋ ಆಗುತ್ತದೆ ಎಂದುಕೊಳ್ಳುತ್ತಾರೆ. ಏನೂ ಆಗುವುದಿಲ್ಲ. ಬೇಗ ತಣಿದರೂ ನಿಧಾನವಾಗಿ ತಣಿದರೂ ಈ ಹಿತ್ತಾಳೆ ಅಷ್ಟೇ ಮೆದು. ಕೋಶಗಳನ್ನು ನೀರಿನ ತಟ್ಟೆಯಲ್ಲಿ ನಿಲ್ಲಿಸಿ ಕತ್ತಿಗೆ ಮಾತ್ರ ಜ್ವಾಲೆ ಹಿಡಿಯುವ ಹಳೆಯ ಪದ್ಧತಿಯಲ್ಲಿ ನೀರಿನ ಕೆಲಸ ಬೇರೆ: ತಳಕ್ಕೆ ಕಾವು ಇಳಿಯದಂತೆ ಕಾಯುವುದು. ತಳ ಒಮ್ಮೆ ಮೆದುವಾದರೆ ಮತ್ತೆ ಗಟ್ಟಿ ಮಾಡುವ ದಾರಿ ಮನೆಯಲ್ಲಿ ಯಾರ ಬಳಿಯೂ ಇಲ್ಲ. ಅಂತಹ ಕೋಶವನ್ನು ಜಜ್ಜಿ ಗುಜರಿಗೆ ಹಾಕಬೇಕು. ನನ್ನ ದೃಷ್ಟಿಯಲ್ಲಿ ಈ ಇಡೀ ಕೆಲಸದಲ್ಲಿ ಅತ್ಯಂತ ಅಪಾಯಕಾರಿ ತಪ್ಪು ಇದು, ಏಕೆಂದರೆ ಮೆದುವಾದ ತಳ ಕಣ್ಣಿಗೆ ಕಾಣುವುದಿಲ್ಲ, ಅಳತೆಪಟ್ಟಿಗೂ ಸಿಗುವುದಿಲ್ಲ. ಇನ್ನೊಂದು ಕಡೆ, ಕತ್ತನ್ನು ಕೆಂಡದ ಬಣ್ಣ ಬರುವವರೆಗೆ ಬಹಳ ಹೊತ್ತು ಹಿಡಿದರೆ ಹರಳುಗಳು ದೊಡ್ಡದಾಗಿ ಬೆಳೆಯುತ್ತವೆ, ಮೇಲ್ಮೈ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿಯಾಗುತ್ತದೆ, ಗುಂಡನ್ನು ಹಿಡಿಯುವ ಬಿಗಿ ಹೋಗುತ್ತದೆ. ಕಣ್ಣಂದಾಜಿಗಿಂತ, ಗೊತ್ತಾದ ತಾಪದಲ್ಲಿ ಕರಗುವ ಗುರುತು ಬಣ್ಣಗಳು ಹೆಚ್ಚು ನಂಬಿಕೆಗೆ ಯೋಗ್ಯ.

ಅಳತೆ ಸರಿಯಿದ್ದರೆ ಕೆಲಸ ಮುಗಿಯಿತು ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಕೋಶದ ಗೋಡೆ ಮೇಲಿನಿಂದ ಕೆಳಕ್ಕೆ ದಪ್ಪವಾಗುತ್ತ ಹೋಗುತ್ತದೆ. ಆದ್ದರಿಂದ ಭುಜದ ಅಥವಾ ಒಡಲಿನ ಲೋಹದಿಂದ ಮಾಡಿದ ಕತ್ತು ಮೂಲ ಕತ್ತಿಗಿಂತ ದಪ್ಪವಾಗಿರಬಹುದು. ದಪ್ಪ ಕತ್ತಿಗೆ ಕೋವಿಯೊಳಗೆ ಹಿಗ್ಗಲು ಜಾಗವಿಲ್ಲದಿದ್ದರೆ ಗುಂಡು ಬಿಡುಗಡೆಯಾಗದೆ ಒತ್ತಡ ಒಮ್ಮೆಲೇ ಏರುತ್ತದೆ. ಗುಂಡು ಕೂರಿಸಿದ ಮೇಲೆ ಕತ್ತಿನ ಹೊರ ಅಗಲವನ್ನು ಮೈಕ್ರೋಮೀಟರಿನಲ್ಲಿ ಅಳೆದು, ಹೆಚ್ಚಿದ್ದನ್ನು ಹೊರಗಿನಿಂದ ಕೆತ್ತಿ ಅಥವಾ ಒಳಗಿನಿಂದ ರೀಮರ್ ಹಾಕಿ ತೆಗೆಯಲೇಬೇಕು. ಭುಜವನ್ನು ಅಗತ್ಯಕ್ಕಿಂತ ಹಿಂದೆ ತಳ್ಳಿದರೆ ಇನ್ನೊಂದು ತೊಂದರೆ: ಹಾರಿಸುವಾಗ ಕೋಶ ಮುಂದಕ್ಕೆ ಎಳೆದುಕೊಂಡು, ತಳದ ಸ್ವಲ್ಪ ಮೇಲೆ ಗೋಡೆ ತೆಳ್ಳಗಾಗುತ್ತದೆ. ಹೊರಗೆ ಒಂದು ಹೊಳೆಯುವ ಉಂಗುರ, ಒಳಗೆ ಬಗ್ಗಿಸಿದ ತಂತಿಯ ತುದಿಗೆ ತಾಗುವ ಸಣ್ಣ ಹಳ್ಳ. ಅಲ್ಲಿಗೆ ಆ ಕೋಶದ ಆಯುಷ್ಯ ಮುಗಿಯಿತು. ಸೇನೆಯ ಕೋಶಗಳ ಗೋಡೆ ದಪ್ಪವಿದ್ದರೆ ಒಳಗಿನ ಜಾಗ ಕಡಿಮೆ. ಬೇರೆ ಕೋಶಕ್ಕೆ ಹೇಳಿದ ಮದ್ದಿನ ಪ್ರಮಾಣ ಇದಕ್ಕೆ ನಡೆಯದು.

ತಳದಲ್ಲಿ ಕೆತ್ತಿದ ಅಕ್ಷರಗಳು ಬದಲಾಗುವುದಿಲ್ಲ ಎಂಬುದನ್ನೂ ಮರೆಯಬಾರದು. 8×57 ಆದ ಮೇಲೂ ಅಲ್ಲಿ ಹಳೆಯ .30-06 ಕೋಶದ ಗುರುತೇ ಇರುತ್ತದೆ. ಅಮೆರಿಕದಲ್ಲಿ .223 ಕೋಶವನ್ನು ಗಿಡ್ಡ ಮಾಡಿ .300 ಬ್ಲ್ಯಾಕ್‌ಔಟ್ ಮಾಡುವುದು ಬಹಳ ಜನಪ್ರಿಯ. ಹಾಗೆ ತಯಾರಿಸಿದ ಕಾಡತೂಸು ತಪ್ಪಿ .223 ರೈಫಲ್ಲಿಗೆ ಹೋದರೆ, ದೊಡ್ಡ ಗುಂಡು ಕಿರಿದಾದ ನಳಿಗೆಯಲ್ಲಿ ಸಿಕ್ಕಿ ರೈಫಲ್ಲೇ ಸಿಡಿಯುತ್ತದೆ. ಬೇರೆ ಡಬ್ಬಿ, ಬೇರೆ ಬಣ್ಣದ ಗುರುತು, ಮೇಜಿನ ಮೇಲೆ ಒಮ್ಮೆಗೆ ಒಂದೇ ಅಳತೆ: ಇಷ್ಟು ಶಿಸ್ತು ಇಲ್ಲದವರು ಈ ಕೆಲಸಕ್ಕೆ ಕೈ ಹಾಕಬಾರದು.

ಈಗ ಡಬ್ಬಿಯಲ್ಲಿ ತಾನಾಗಿ ಸೀಳಿದ ಕೋಶಗಳ ಸಂಗತಿ. 19ನೆಯ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೇನೆಗೆ ಇದೇ ಒಗಟು ಎದುರಾಗಿತ್ತು. ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ದಾಸ್ತಾನು ಮಾಡಿದ್ದ ಕಾಡತೂಸುಗಳ ಹಿತ್ತಾಳೆ, ಯಾರೂ ಬಳಸದಿದ್ದರೂ, ಗುಂಡು ಕೂತಿದ್ದ ಕತ್ತಿನಲ್ಲಿ ಬಿರುಕು ಬಿಡುತ್ತಿತ್ತು. ಮಳೆಗಾಲದಲ್ಲೇ ಕಾಣುತ್ತಿದ್ದುದರಿಂದ ಅದಕ್ಕೆ ಋತುವಿನ ಬಿರುಕು ಎಂಬ ಹೆಸರು ಬಂತು. 1921ರಲ್ಲಿ ಮೂರ್, ಬೆಕಿನ್ಸೇಲ್ ಮತ್ತು ಮ್ಯಾಲಿನ್‌ಸನ್ ಕಾರಣವನ್ನು ವಿವರಿಸಿದರು. ಕುದುರೆಗಳ ಮೂತ್ರದಿಂದ ಏಳುವ ಅಮೋನಿಯಾ ತೇವದಲ್ಲಿ ಕರಗಿ ಹಿತ್ತಾಳೆಯನ್ನು ತಾಕುತ್ತದೆ; ತಣ್ಣಗೆ ಒತ್ತಿದ ಲೋಹದೊಳಗೆ ಉಳಿದಿರುವ ಎಳೆತ ಬಿರುಕಿನ ಬಾಯಿ ತೆರೆಯುತ್ತ ಹೋಗುತ್ತದೆ. ಎರಡರಲ್ಲಿ ಒಂದಿಲ್ಲದಿದ್ದರೂ ಹೀಗೆ ಸೀಳುವುದಿಲ್ಲ. ಪರಿಹಾರವೂ ಅಲ್ಲೇ ಸಿಕ್ಕಿತು. ಒತ್ತಿದ ಮೇಲೆ ಹದವಾಗಿ ಕಾಯಿಸಿ ಒಳಗಿನ ಎಳೆತ ಬಿಡಿಸುವುದು.

ನಮ್ಮ ಕರಾವಳಿಯಲ್ಲಿ ಇದು ಚರಿತ್ರೆಯ ವಿಷಯ ಮಾತ್ರವಲ್ಲ. ಮಂಗಳೂರಿನ ದಕ್ಕೆ ಮತ್ತು ಮಲ್ಪೆಯ ಮೀನುಗಾರಿಕೆಗೆ ಮಂಜುಗಡ್ಡೆ ಒದಗಿಸುವ ಅಮೋನಿಯಾ ಸ್ಥಾವರಗಳಲ್ಲಿ ಕೊಳವೆ, ವಾಲ್ವ್ ಎಲ್ಲವೂ ಉಕ್ಕಿನವೇ ಆಗಿರಬೇಕೆಂಬ ಕಟ್ಟುಪಾಡಿನ ಹಿಂದೆ ಇರುವುದು ತಾಮ್ರ ಮತ್ತು ಹಿತ್ತಾಳೆಯ ಇದೇ ದೌರ್ಬಲ್ಯ. ತುರ್ತಿಗೆಂದು ಒಂದು ಹಿತ್ತಾಳೆ ನಟ್ಟು ಹಾಕಿ, ಮುಂದಿನ ಮಳೆಗಾಲದೊಳಗೆ ಅದು ಎರಡು ಹೋಳಾಗಿ ನನ್ನ ಮೇಜಿಗೆ ಬಂದದ್ದನ್ನು ನೋಡಿದ್ದೇನೆ. ದನದ ಹಟ್ಟಿಗೆ ತಾಗಿದ ಕೋಣೆಯೂ ಹಿತ್ತಾಳೆಗೆ ಒಳ್ಳೆಯ ಜಾಗವಲ್ಲ. ಬೆಳೆ ರಕ್ಷಣೆಗೆ ಪರವಾನಗಿ ಕೋವಿ ಇರುವ ಬೆಳ್ತಂಗಡಿ, ಸುಳ್ಯ ಕಡೆಯ ಕೃಷಿಕರು ತೋಟೆಗಳನ್ನು ಅಲ್ಲಿಡದೆ, ಒಣಗಿದ ಜಾಗದಲ್ಲಿ ಬೀಗ ಹಾಕಿಡುವುದು ಒಳ್ಳೆಯದು.

ಓದುಗರನ್ನು ಮತ್ತೆ ಕೇಳಿದಾಗ ಗೊತ್ತಾಯಿತು: ಅವರು ಕೋಶಗಳಿಗೆ ಹೊಳಪು ಕೊಡಲು ಬಳಸಿದ್ದು ಅಮೋನಿಯಾ ಇರುವ ಹಿತ್ತಾಳೆ ಪಾಲಿಶ್. ಒತ್ತಿದ ಕತ್ತನ್ನು ಕಾಯಿಸಿರಲಿಲ್ಲವಾದ್ದರಿಂದ ಒಳಗಿನ ಎಳೆತ ಹಾಗೇ ಇತ್ತು. ಅಚ್ಚಿನಲ್ಲಿ ಸೀಳಿದ್ದು ಬಾಯಿಯ ಅಂಚಿನಲ್ಲಿ ಲೋಹ ಎಳೆದು ತೆಳ್ಳಗಾಗಿ ಹರಿದಂತಿದೆ. ಡಬ್ಬಿಯಲ್ಲಿ ಸೀಳಿದ್ದು ತೆಳ್ಳಗಾಗದೆ, ಕೂದಲೆಳೆಯಂತೆ ನೇರವಾಗಿ, ಅಲ್ಲಲ್ಲಿ ಕವಲೊಡೆದು ಉದ್ದಕ್ಕೆ ಇಳಿದಿದೆ. ಚಿತ್ರದಲ್ಲೇ ಇಷ್ಟು ವ್ಯತ್ಯಾಸ ಕಾಣುತ್ತದೆ. ಬಿರುಕು ಬಿಟ್ಟವನ್ನಷ್ಟೇ ಅಲ್ಲ, ಆ ಪಾಲಿಶ್ ತಾಕಿದ ಎಲ್ಲವನ್ನೂ ಜಜ್ಜಿ ಬಿಸಾಡಲು ಬರೆದಿದ್ದೇನೆ. ಮುಂದೆ ಶುಚಿ ಮಾಡಲು ದುರ್ಬಲ ಸಿಟ್ರಿಕ್ ಆಮ್ಲದ ನೀರು ಸಾಕು. ನಮ್ಮ ಮನೆಗಳಲ್ಲಿ ಹುಣಸೆಹುಳಿ ಮಾಡುವ ಕೆಲಸವೂ ಅದೇ. ಆದರೆ ರಾತ್ರಿಯಿಡೀ ನೆನೆಸಿಡಬಾರದು. ಸತು ಕರಗಿ ಹೋಗಿ ಮೇಲೆ ತಾಮ್ರದ ಕೆಂಪು ಕಾಣತೊಡಗುತ್ತದೆ.

ಇಲ್ಲಿರುವವರಿಗೆ ಒಂದು ಸ್ಪಷ್ಟ ಮಾತು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಕಲಮಿನ ಪ್ರಕಾರ ಮದ್ದುಗುಂಡು ತಯಾರಿಸಲು, ಮಾರ್ಪಡಿಸಲು ಪ್ರತ್ಯೇಕ ಪರವಾನಗಿ ಬೇಕು. ಕೋವಿ ಇಟ್ಟುಕೊಳ್ಳುವ ಪರವಾನಗಿ ಅದಕ್ಕೆ ಸಾಲದು. ಕಾಯ್ದೆಯ ವ್ಯಾಖ್ಯೆಯಲ್ಲಿ ಮದ್ದುಗುಂಡಿನ ಬಿಡಿ ಭಾಗಗಳೂ ಮದ್ದುಗುಂಡೇ. ಆದ್ದರಿಂದ ಪರೀಕ್ಷೆಗೆಂದು ಒಡೆದ ಕೋಶಗಳನ್ನೇ ಊರಿಗೆ ಬರುವಾಗ ತರುತ್ತೇನೆಂದು ಅವರು ಬರೆದಾಗ ಖಂಡಿತ ಬೇಡವೆಂದೆ. ಅಲ್ಲಿಯ ಯಾವುದಾದರೂ ವಿಶ್ವವಿದ್ಯಾಲಯದ ಲೋಹಶಾಸ್ತ್ರ ವಿಭಾಗದಲ್ಲಿ ಕತ್ತನ್ನು ಅಡ್ಡ ಕತ್ತರಿಸಿ, ಉಜ್ಜಿ, ಸೂಕ್ಷ್ಮದರ್ಶಕದ ಚಿತ್ರ ತೆಗೆಸಿ ಕಳಿಸಿದರೆ ನನಗೆ ಸಾಕು.