ಒಳಗಾಲು ಯಾವುದು, ಹೊರಗಾಲು ಯಾವುದು: ಲೆಗ್ ಹ್ಯಾಂಗ್ ಕಲಿಯುವವರಿಗೆ ಟಿಪ್ಪಣಿ

ನೀವು ಪೋಲ್ ಡ್ಯಾನ್ಸ್, ಅಂದರೆ ನೆಟ್ಟ ಕಂಬದ ಮೇಲಿನ ನೃತ್ಯ, ಕಲಿಯುತ್ತಿದ್ದೀರಿ: ಪೋಲ್ ಹತ್ತಲು ಬರುತ್ತದೆ, ಪೋಲ್ ಸಿಟ್‌ನಲ್ಲಿ, ಅಂದರೆ ತೊಡೆಗಳಿಂದ ಕಂಬ ಹಿಡಿದು, ಕೈ ಬಿಟ್ಟು ಕೂರಲು ಬರುತ್ತದೆ, ಕಂಬದ ಸುತ್ತ ತಿರುಗುವ ಎರಡು ಮೂರು ಸ್ಪಿನ್ ಗೊತ್ತು. ಅಲ್ಲಿಂದ ಮುಂದೆ ಪಾಠವೆಲ್ಲ “ಒಳಗಾಲು ಕೊಕ್ಕೆ ಹಾಕಿ”, “ಹೊರಗೈ ಬಿಡಿ” ಎಂಬ ಭಾಷೆಯಲ್ಲೇ ನಡೆಯುತ್ತದೆ. ನೆಲದ ಮೇಲೆ ನಿಂತಿರುವಾಗ ಇದರಲ್ಲಿ ಕಷ್ಟವೇನೂ ಇಲ್ಲ. ತಲೆ ಕೆಳಗಾದ ಮರುಕ್ಷಣ ಎಲ್ಲವೂ ಕಲಸುಮೇಲೋಗರ. ಲೆಗ್ ಹ್ಯಾಂಗ್ ಎಂದರೆ ಒಂದು ಮಂಡಿಯನ್ನು ಕಂಬಕ್ಕೆ ಕೊಕ್ಕೆ ಹಾಕಿ ತಲೆಕೆಳಗಾಗಿ ನೇತಾಡುವುದು; ಒಳಗಾಲಿನಿಂದ ನೇತಾಡುವ ಇನ್‌ಸೈಡ್ ಲೆಗ್ ಹ್ಯಾಂಗ್ ಮತ್ತು ಹೊರಗಾಲಿನಿಂದ ನೇತಾಡುವ ಔಟ್‌ಸೈಡ್ ಲೆಗ್ ಹ್ಯಾಂಗ್ ಅದಲುಬದಲಾಗುವುದು ಇಲ್ಲಿಯೇ. ಹಾಗಾಗಿ ಈ ಟಿಪ್ಪಣಿಯ ದೊಡ್ಡ ಪಾಲು ಆ ಒಂದು ಗೊಂದಲಕ್ಕೇ ಮೀಸಲು.

ಕಂಬ ಮತ್ತು ಚರ್ಮ

ಇದು ಬೇಗ ಮುಗಿಯುವ ಭಾಗ. ಕಂಬಗಳು ಸಾಮಾನ್ಯವಾಗಿ 40, 45, 50 ಮಿಲಿಮೀಟರ್ ದಪ್ಪದಲ್ಲಿ ಸಿಗುತ್ತವೆ. ಅಂತರರಾಷ್ಟ್ರೀಯ ಪೋಲ್ ಸ್ಪೋರ್ಟ್ಸ್ ಫೆಡರೇಶನ್‌ನ ಸ್ಪರ್ಧೆಗಳಲ್ಲಿ ಬಳಸುವುದು 45. ಅಲ್ಲಿ ಎರಡು ಕಂಬ ಇರುತ್ತವೆ: ಒಂದು ಸ್ಟ್ಯಾಟಿಕ್, ಅಂದರೆ ತಿರುಗದ್ದು, ಇನ್ನೊಂದು ಸ್ಪಿನ್, ಅಂದರೆ ತಾನೇ ತಿರುಗುವುದು. ಲೆಗ್ ಹ್ಯಾಂಗ್ ಕಲಿಯಲು ಸ್ಟ್ಯಾಟಿಕ್ ಸಾಕು. ಸ್ಪಿನ್ ಕಂಬದಲ್ಲಿ ಕೈಕಾಲು ಕಂಬದ ಹತ್ತಿರ ಎಳೆದುಕೊಂಡಷ್ಟೂ ವೇಗ ಹೆಚ್ಚುತ್ತದೆ, ಚಾಚಿದಷ್ಟೂ ತಗ್ಗುತ್ತದೆ. ತಲೆಕೆಳಗಾಗಿ “ಯಾವ ಕಾಲು?” ಎಂದು ಯೋಚಿಸುವಾಗ ಜಗತ್ತೂ ಗಿರಗಿರ ತಿರುಗುವುದು ಬೇಡ.

ಸ್ಪಿನ್ ಮೋಡ್ ಇರುವ ಕಂಬವಾದರೆ ಅದನ್ನು ಸ್ಟ್ಯಾಟಿಕ್‌ಗೆ ಬಿಗಿಮಾಡುವ ಸ್ಕ್ರೂಗಳನ್ನು ಪ್ರತಿ ಸಲ ಹತ್ತುವ ಮುನ್ನ ಕೈಯಾರೆ ಪರೀಕ್ಷಿಸಿ. ಅರ್ಧ ಬಿಗಿಯಾದ ಕಂಬ ಭಾರ ಬಿದ್ದಾಗ ಹಠಾತ್ತನೆ ತಿರುಗಿಬಿಡುತ್ತದೆ.

ಹಿಡಿತ ಬರುವುದು ಬರಿಯ ಚರ್ಮದಿಂದ. ಆದ್ದರಿಂದಲೇ ಪ್ಯಾಂಟ್, ಲೆಗ್ಗಿಂಗ್ಸ್ ಹಾಕಿಕೊಂಡರೆ ಮಂಡಿಯ ಕೊಕ್ಕೆ ಜಾರಿಯೇ ಜಾರುತ್ತದೆ. ಹಿಂದಿನ ದಿನದಿಂದಲೇ ಮೈಗೆ ಲೋಷನ್, ಎಣ್ಣೆ ಬೇಡ. ಉಂಗುರ, ಬಳೆ ತೆಗೆದಿಡಿ. ತಣ್ಣಗಿನ ಲೋಹ ಜಾರುತ್ತದೆ, ಬೆಚ್ಚಗಾದ ಲೋಹ ಹಿಡಿಯುತ್ತದೆ. ಮೊದಲ ಹತ್ತು ನಿಮಿಷ ಎಲ್ಲರಿಗೂ ಜಾರುವುದು ಅದಕ್ಕೇ, ನಿಮ್ಮಲ್ಲಿ ದೋಷವಿದೆ ಎಂದಲ್ಲ. ಚಾಕ್ ಅಥವಾ ದ್ರವರೂಪದ ಗ್ರಿಪ್ ಹಚ್ಚುವವರು ಹೆಚ್ಚಾಗಿ ಅಂಗೈಗಷ್ಟೇ ಹಚ್ಚುತ್ತಾರೆ. ಲೆಗ್ ಹ್ಯಾಂಗ್‌ಗೆ ಹಿಡಿತ ಬೇಕಾದದ್ದು ಮಂಡಿಯ ಹಿಂಬದಿಯ ಗುಳಿಯಲ್ಲಿ. ಅಲ್ಲಿ ಬೆವರು ನಿಂತಿದ್ದರೆ ಮೊದಲು ಒರೆಸಿಕೊಳ್ಳಿ.

ಇನ್ವರ್ಟ್: ಹಾರಬೇಡಿ

ಲೆಗ್ ಹ್ಯಾಂಗ್‌ಗೆ ಹೋಗುವ ದಾರಿ ಇನ್ವರ್ಟ್, ಅಂದರೆ ತಲೆಕೆಳಗಾಗುವುದು. ಕಂಬ ಕಂಕುಳ ಪಕ್ಕ, ಎರಡೂ ಕೈ ಎದೆ-ಗಲ್ಲದ ಎತ್ತರದಲ್ಲಿ, ಮೊಣಕೈ ಮಡಚಿ ಪಕ್ಕೆಗೆ ಹತ್ತಿರ. ಹೆಗಲು ಕಿವಿಯ ಕಡೆ ಏರದಂತೆ ಕೆಳಗೆ ಎಳೆದುಕೊಳ್ಳಿ. ಮಂಡಿಗಳನ್ನು ಎದೆಗೆ ಎಳೆಯಿರಿ, ಮೈಯ ಮೇಲ್ಭಾಗವನ್ನು ಹಿಂದಕ್ಕೆ ವಾಲಿಸಿ, ಸೊಂಟ ಹೆಗಲಿಗಿಂತ ಮೇಲೇರಿದ ಮೇಲೆ ಕಾಲು ಅಗಲಿಸಿ. ಹೀಗೆ ಕಾಲು ಅಗಲಿಸಿ ತಲೆಕೆಳಗಾದ ಭಂಗಿಯೇ ಚಾಪರ್. ಕಂಬ ಎರಡು ಕಾಲುಗಳ ನಡುವೆ ಇರುತ್ತದೆ.

ಇಲ್ಲಿ ಆಗುವ ತಪ್ಪುಗಳಲ್ಲಿ ದೊಡ್ಡದು ನೆಲದಿಂದ ನೆಗೆದು ಸೊಂಟ ಎಸೆಯುವುದು. ನೆಗೆದರೂ ತಲೆಕೆಳಗಾಗುತ್ತದೆ, ನಿಜ. ಆದರೆ ಮುಂದೆ ಕಂಬದ ಮೇಲೆ ಅರ್ಧ ಏರಿದ ಜಾಗದಿಂದ ಇನ್ವರ್ಟ್ ಮಾಡಬೇಕಾದಾಗ ನೆಗೆಯಲು ನೆಲವೇ ಇರುವುದಿಲ್ಲ. ಅಲ್ಲದೆ ಆ ಝಟ್ಕಾ ನೇರವಾಗಿ ಹೆಗಲ ಕೀಲಿಗೆ, ಮೊಣಕೈಯ ಒಳಬದಿಯ ಸ್ನಾಯುರಜ್ಜುಗಳಿಗೆ ಹೋಗುತ್ತದೆ. ಎರಡನೆಯ ತಪ್ಪು, ಮೊದಲು ತಲೆಯನ್ನು ಹಿಂದಕ್ಕೆ ಎಸೆಯುವುದು. ತಲೆ ಹೋದರೆ ಎದೆ ಕಂಬದಿಂದ ದೂರ ಸರಿಯುತ್ತದೆ, ಮೊಣಕೈ ಬಿಚ್ಚಿಕೊಳ್ಳುತ್ತದೆ, ಸೊಂಟ ಮೇಲೇರುವುದೇ ಇಲ್ಲ.

ಬಲ ಸಾಲದವರಿಗೆ ಉಪಾಯ ಹಿಮ್ಮುಖ ಅಭ್ಯಾಸ. ಜೊತೆಗಾರರ ನೆರವಿನಿಂದ ಚಾಪರ್‌ಗೆ ಹೋಗಿ, ಅಲ್ಲಿಂದ ಐದು ಎಣಿಸುವಷ್ಟು ನಿಧಾನವಾಗಿ ಕೆಳಗಿಳಿಯಿರಿ. ಮೂರು ಸಲ, ನಡುವೆ ಎರಡು ನಿಮಿಷ ಬಿಡುವು. ಇಳಿಯುವಾಗ ತಡೆದು ಹಿಡಿಯಬಲ್ಲ ಸ್ನಾಯುವೇ ಮುಂದೆ ಏರುವಾಗಲೂ ಎತ್ತುತ್ತದೆ. ಹದಿನೈದು ಸಲ ನೆಗೆಯುವುದಕ್ಕಿಂತ ಈ ಮೂರು ಇಳಿತಗಳೇ ಮೇಲು.

ಈಗ ಆ ಗೊಂದಲ

ಒಳಗಾಲು ಎಂದರೆ ಶುರುವಿನಲ್ಲಿ ಕಂಬದ ಪಕ್ಕ ಇರುವ ಕಾಲು. ಹೊರಗಾಲು ಎಂದರೆ ಕಂಬದಿಂದ ದೂರ ಇರುವುದು. ಕಂಬ ನಿಮ್ಮ ಬಲಕ್ಕಿದ್ದರೆ ಬಲಗಾಲು ಒಳಗಾಲು, ಎಡಗಾಲು ಹೊರಗಾಲು. ಫೈರ್‌ಮನ್ ಸ್ಪಿನ್‌ನಲ್ಲೂ ಇದೇ ಲೆಕ್ಕ: ಒಳಗಾಲಿನಿಂದ ಹೆಜ್ಜೆ ಇಟ್ಟು, ಹೊರಗಾಲನ್ನು ಅಗಲವಾಗಿ ಬೀಸಿ, ಮಂಡಿಗಳಿಂದ ಕಂಬ ಹಿಡಿಯುವುದು.

ಕಣ್ಣು ಮೋಸ ಮಾಡುವುದು ಚಾಪರ್‌ನಲ್ಲಿ. ಅಲ್ಲಿ ಎರಡೂ ಕಾಲು ಕಂಬದಿಂದ ಹೆಚ್ಚುಕಡಿಮೆ ಸಮ ದೂರದಲ್ಲಿ ಕಾಣುತ್ತವೆ. ಯಾವುದು “ಹತ್ತಿರದ್ದು” ಎಂದು ನೋಡಿ ಹೇಳಲು ಹೋದರೆ ಸೋತಿರಿ. ಹೆಸರು ಅಂಟಿಕೊಳ್ಳುವುದು ನಿಂತಿದ್ದಾಗ, ಇಳಿದು ನಿಲ್ಲುವವರೆಗೂ ಅದು ಬದಲಾಗುವುದಿಲ್ಲ. ಈ ಒಂದು ವಾಕ್ಯ ಮೈಗೂಡಿದರೆ ಅರ್ಧ ಕೆಲಸ ಮುಗಿದಂತೆ. ಮೇಲೆ ಹೋದ ಮೇಲೆ ನೋಡಿ ತೀರ್ಮಾನಿಸುವುದಲ್ಲ, ಕೆಳಗಿರುವಾಗಲೇ ಬಾಯಿಬಿಟ್ಟು ಹೇಳಿಕೊಂಡು ಹೋಗುವುದು: “ಕಂಬ ಬಲಕ್ಕೆ, ಬಲಗಾಲು ಒಳಗೆ.” ಇನ್ನೂ ಸಾಲದಿದ್ದರೆ ಒಳಗಾಲಿನ ತೊಡೆಯ ಮೇಲ್ಭಾಗದಲ್ಲಿ ಪೆನ್ನಿನಿಂದ ಒಂದು ಚುಕ್ಕೆ ಇಟ್ಟುಕೊಳ್ಳಿ. ಹುಡುಗಾಟದಂತೆ ಕಾಣಬಹುದು, ಕೆಲಸ ಮಾಡುತ್ತದೆ. ಪಕ್ಕ ಬದಲಿಸಿದಾಗ ಆ ಚುಕ್ಕೆಯೇ ಹೊರಗಾಲಿನದಾಗುತ್ತದೆ ಎಂಬುದು ಮಾತ್ರ ನೆನಪಿರಲಿ.

ಗೊಂದಲ ಹೆಚ್ಚಿಸುವ ಇನ್ನೆರಡು ಸಂಗತಿಗಳಿವೆ. ಗುರುಗಳು ನಿಮ್ಮೆದುರು ನಿಂತು ತೋರಿಸಿದರೆ ಅವರ ಬಲ ನಿಮ್ಮ ಎಡಕ್ಕೆ ಕಾಣುತ್ತದೆ. ಆದ್ದರಿಂದ ಅವರ ಎಡ-ಬಲ ನೋಡದೆ ಅವರ ಒಳ-ಹೊರ ನೋಡಿ. ಇನ್ನು ಹೆಸರುಗಳು: ಔಟ್‌ಸೈಡ್ ಲೆಗ್ ಹ್ಯಾಂಗ್‌ಗೆ ಜೆಮಿನೈ, ಇನ್‌ಸೈಡ್‌ಗೆ ಸ್ಕಾರ್ಪಿಯೋ ಎಂದು ಬಹಳ ಕಡೆ ಕರೆಯುತ್ತಾರೆ. ಆದರೆ ಪೋಲ್‌ನಲ್ಲಿ ಒಂದೇ ಭಂಗಿಗೆ ಶಾಲೆಗೊಂದು ಹೆಸರು. ಹೊಸ ತರಗತಿಗೆ ಹೋದಾಗ ಹೆಸರು ನಂಬಬೇಡಿ, “ಯಾವ ಕಾಲು?” ಎಂದು ಕೇಳಿ.

ಕರ್ಣದ ನಿಯಮ

ಈ ಟಿಪ್ಪಣಿಯಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದು. ಕೊಕ್ಕೆ ಹಾಕಿದ ಮಂಡಿ ಒಂದು ಬದಿಯದಾದರೆ, ಕಂಬಕ್ಕೆ ಒತ್ತುವ ಪಕ್ಕೆ ಇನ್ನೊಂದು ಬದಿಯದಾಗಿರಬೇಕು. ಮಂಡಿಯಿಂದ ಪಕ್ಕೆಗೆ ಗೆರೆ ಎಳೆದರೆ ಅದು ಮೈಯನ್ನು ಓರೆಯಾಗಿ ದಾಟಬೇಕು, ಚೌಕದ ಕರ್ಣದಂತೆ.

ಯಾಕೆ? ಮಂಡಿ ಕಂಬವನ್ನು ಒಂದು ಕಡೆಗೆ ಎಳೆಯುತ್ತದೆ, ಪಕ್ಕೆ ಅದಕ್ಕೆ ಎದುರಾಗಿ ಒತ್ತುತ್ತದೆ. ಎರಡರ ನಡುವೆ ಕಂಬ ಸಿಕ್ಕಿಕೊಳ್ಳುತ್ತದೆ. ಮಂಡಿಯೂ ಪಕ್ಕೆಯೂ ಒಂದೇ ಬದಿಯಲ್ಲಿದ್ದರೆ ಮೈ ಕೀಲಿಗೆ ಹಾಕಿದ ಬಾಗಿಲಾಗುತ್ತದೆ: ಕೈ ಬಿಟ್ಟೊಡನೆ ತೆರೆದುಕೊಂಡು ಹೊರಕ್ಕೆ ತೂಗುತ್ತದೆ. “ಮಂಡಿ ಬಿಗಿಯಾಗಿಯೇ ಇತ್ತು, ಆದರೂ ತಿರುಗಿಬಿಟ್ಟೆ” ಎನ್ನುವವರ ಸಮಸ್ಯೆ ಹೆಚ್ಚಿನ ಸಲ ಮಂಡಿಯಲ್ಲಿಲ್ಲ, ಇಲ್ಲಿದೆ.

ಕಂಬ ಬಲಕ್ಕಿದೆ ಎಂದುಕೊಂಡು ಎರಡನ್ನೂ ನೋಡೋಣ.

ಔಟ್‌ಸೈಡ್: ಚಾಪರ್‌ನಲ್ಲಿ ಎಡಗಾಲಿನ, ಅಂದರೆ ಹೊರಗಾಲಿನ, ಮಂಡಿಯನ್ನು ಕಂಬಕ್ಕೆ ಕೊಕ್ಕೆ ಹಾಕಿ. ಕಂಬ ಆಗಲೇ ನಿಮ್ಮ ಬಲಪಕ್ಕೆಗೆ ತಗುಲಿಕೊಂಡಿದೆ. ಎಡ ಮಂಡಿ, ಬಲ ಪಕ್ಕೆ, ಕರ್ಣ ತಾನಾಗಿಯೇ ಸಿದ್ಧ. ಬಲಗಾಲನ್ನು ಕಂಬದಿಂದ ದೂರ ಚಾಚಿ, ಬಲ ಸೊಂಟ ಕಂಬ ಬಿಡದಂತೆ ನೋಡಿಕೊಂಡರಾಯಿತು. ಹೆಚ್ಚಿನವರಿಗೆ ಇದು ಮೊದಲು ಬರುವುದು ಆದ್ದರಿಂದಲೇ.

ಇನ್‌ಸೈಡ್: ಬಲಗಾಲಿನ, ಅಂದರೆ ಒಳಗಾಲಿನ, ಮಂಡಿ ಕೊಕ್ಕೆ ಹಾಕಿದಿರಿ. ಕಂಬ ಇನ್ನೂ ಬಲಪಕ್ಕೆಯಲ್ಲೇ ಇದೆ. ಬಲ ಮಂಡಿ, ಬಲ ಪಕ್ಕೆ. ಬಾಗಿಲು! ಇಲ್ಲಿ ಒಂದು ಹೆಜ್ಜೆ ಹೆಚ್ಚು ಬೇಕು: ಕಂಬ ಬಲ ಕಂಕುಳನ್ನು ಬಿಟ್ಟು, ಎದೆಯ ಮುಂದೆ ಹಾದು, ಎಡ ಕಂಕುಳಿಗೆ ಬರಬೇಕು. ಕಂಬವಂತೂ ಕದಲುವುದಿಲ್ಲ, ಕದಲಬೇಕಾದ್ದು ಎದೆ. ಜನ ಹೆದರುವ ಹೆಜ್ಜೆ ಇದೇ, ಹೆದರಿ ಬಿಟ್ಟುಬಿಡುವುದೂ ಇದನ್ನೇ. ಬಿಡಿಸಿ ಹೇಳುತ್ತೇನೆ.

ಮೊದಲು ಬಲ ಹಿಮ್ಮಡಿಯನ್ನು ಪೃಷ್ಠದ ಕಡೆಗೆ ಬಲವಾಗಿ ಎಳೆದುಕೊಳ್ಳಿ. ಕಂಬ ಮಂಡಿಯ ಗುಳಿಯ ಆಳದಲ್ಲಿರಬೇಕು; ಮೀನಖಂಡದ ಮೇಲಿದ್ದರೆ ಕೊಕ್ಕೆ ಮೇಲುಮೇಲಿನದು, ಜಾರುತ್ತದೆ. ಎರಡೂ ಕೈ ಕಂಬದಲ್ಲೇ ಇರಲಿ. ಕೈಗಳನ್ನು ಒಂದೊಂದಾಗಿ ಒಂದು ಗೇಣು ಕೆಳಗೆ, ಅಂದರೆ ನೆಲದ ಕಡೆಗೆ, ಸರಿಸಿ. ತಲೆಗೂ ಕಂಬಕ್ಕೂ ನಡುವೆ ಜಾಗವಾಗುತ್ತದೆ. ಈಗ ಸೊಂಟದಿಂದ ಹೊರಳುತ್ತಾ ಎದೆಯನ್ನು ಕಂಬದ ಮುಂದಿನಿಂದ ದಾಟಿಸಿ, ಎಡ ತೋಳನ್ನು ಕಂಬದ ಸುತ್ತ ತಂದು ಎಡ ಕಂಕುಳಿನಲ್ಲಿ ಅದನ್ನು ಹಿಸುಕಿ ಹಿಡಿಯಿರಿ. ಕಂಕುಳು ಹಿಡಿದ ಮೇಲೆ ಬಲಗೈ ಬಿಡುವುದು, ಅದಕ್ಕೆ ಮುಂಚೆ ಖಂಡಿತ ಅಲ್ಲ. ಎಡಗಾಲು ಈ ಹೊತ್ತಿಗೆ ಹಿಂದಕ್ಕೆ ಉದ್ದವಾಗಿ ಚಾಚಿರಲಿ. ಅದರ ತೂಕವೇ ಕೊಕ್ಕೆಯನ್ನು ಇನ್ನಷ್ಟು ಬಿಗಿಮಾಡುತ್ತದೆ.

ಇದನ್ನು ಮೊದಲು ನೆಲದ ಮೇಲೆ ಅಂಗಾತ ಮಲಗಿ ಮಾಡಿನೋಡಿ. ಮಂಡಿ ಮಡಚಿ ಕಂಬದ ಬುಡಕ್ಕೆ ಕೊಕ್ಕೆ ಹಾಕಲು ಆಗುವುದಿಲ್ಲ, ಸರಿ. ಆದರೆ ಉದ್ದನೆಯ ಕೋಲೊಂದನ್ನು ಮೈಮೇಲೆ ಇಟ್ಟುಕೊಂಡರೆ ಬಲ ಮಂಡಿಯ ಹಿಂದಿನಿಂದ ಹೊಟ್ಟೆ ದಾಟಿ ಎಡ ಕಂಕುಳಿಗೆ ಬರುವ ಓರೆ ಗೆರೆ ಕಣ್ಣಿಗೆ ಕಟ್ಟುತ್ತದೆ. ಎಡ ಮಂಡಿಯಿಂದ ಬಲ ಪಕ್ಕೆಗೆ ಕೋಲು ಬದಲಿಸಿದರೆ ಔಟ್‌ಸೈಡ್. ಎರಡು ಭಂಗಿ, ಒಂದೇ ಕೋಲು.

ಕೈ ಬಿಡುವ ಮುನ್ನ

ಒಂದೇ ಸಲಕ್ಕೆ ಕೈ ಬಿಡುವ ಧೈರ್ಯ ಯಾರಿಗೂ ಬೇಕಿಲ್ಲ. ಮೊದಲು ಬೆರಳುಗಳನ್ನು ಸಡಿಲಿಸಿ, ಅಂಗೈ ಮಾತ್ರ ತಾಗಿರಲಿ. ಭಾರ ಮಂಡಿಗೂ ಪಕ್ಕೆಗೂ ಇಳಿಯಿತೇ ಎಂದು ಮೈಯೇ ಹೇಳುತ್ತದೆ. ಮೂರು ಉಸಿರಿನವರೆಗೆ ಏನೂ ಜಾರದಿದ್ದರೆ ಒಂದು ಕೈ. ಮಂಡಿಯ ಹಿಂದೆ ಉರಿ ಆಗಿಯೇ ಆಗುತ್ತದೆ, ಮರುದಿನ ಮೈ ನೀಲಿಗಟ್ಟುತ್ತದೆ. ಪೋಲ್ ಮಂದಿ ಅದನ್ನು ‘ಪೋಲ್ ಕಿಸ್’ ಎಂದು ಮುದ್ದಾಗಿ ಕರೆಯುತ್ತಾರೆ. ಆದರೆ ಕೀಲಿನ ಒಳಗೆ ಚುಚ್ಚುವ ನೋವು, ಜೋಮು, ತೊಡೆಯ ಹಿಂಭಾಗ ಪೃಷ್ಠಕ್ಕೆ ಸೇರುವಲ್ಲಿ ಕೀಳುವಂಥ ನೋವು, ಇವು ಮುದ್ದಿನವಲ್ಲ. ಅಲ್ಲಿಗೇ ಇಳಿಯಿರಿ.

ಇಳಿಯುವ ಕ್ರಮ ಏರಿದ್ದರ ತದ್ವಿರುದ್ಧ: ಮೊದಲು ಎರಡೂ ಕೈ ಕಂಬಕ್ಕೆ, ಆಮೇಲೆ ಚಾಪರ್, ಆಮೇಲೆ ಮಂಡಿ ಎದೆಗೆ, ಕೊನೆಗೆ ಪಾದ ನೆಲಕ್ಕೆ. ಕೈಗಳೆರಡೂ ಹಿಡಿಯುವವರೆಗೆ ಕೊಕ್ಕೆ ಬಿಡಬಾರದು. ಗಲ್ಲ ಎದೆಯ ಕಡೆಗೆ ಇರಲಿ; ಏನಾದರೂ ತಪ್ಪಿದರೂ ನೆತ್ತಿ ಮೊದಲು ನೆಲ ಮುಟ್ಟಬಾರದು.

ಕ್ರ್ಯಾಶ್ ಮ್ಯಾಟ್ ಇರಲಿ, ಆದರೆ ಅದನ್ನು ಜೊತೆಗಾರರಿಗೆ ಬದಲಿ ಎಂದುಕೊಳ್ಳಬೇಡಿ. ಮ್ಯಾಟ್ ಪೆಟ್ಟನ್ನು ತಗ್ಗಿಸುತ್ತದೆಯೇ ಹೊರತು ಕುತ್ತಿಗೆಯನ್ನು ಹಿಡಿಯುವುದಿಲ್ಲ. ಸ್ಪಾಟ್ ಮಾಡುವವರು, ಅಂದರೆ ಬೀಳದಂತೆ ಕಾಯುವ ಜೊತೆಗಾರರು, ಬೆನ್ನ ಕಡೆ ನಿಂತು, ಒಂದು ಕೈಯನ್ನು ಸೊಂಟದ ಹತ್ತಿರ, ಇನ್ನೊಂದನ್ನು ಹೆಗಲ ಹತ್ತಿರ ಸಿದ್ಧವಾಗಿಟ್ಟುಕೊಳ್ಳಬೇಕು. ಕಾಲು ಹಿಡಿದುಕೊಳ್ಳುವುದು ಸಹಾಯವಲ್ಲ, ಅಡ್ಡಿ: ಕೊಕ್ಕೆ ಹಾಕಬೇಕಾದ ಅಂಗವನ್ನೇ ಕಟ್ಟಿಹಾಕಿದಂತೆ. ಮುಟ್ಟುವ ಮುಂಚೆ ಎಲ್ಲೆಲ್ಲಿ ಮುಟ್ಟುತ್ತೇನೆ ಎಂದು ಹೇಳಿ ಒಪ್ಪಿಗೆ ಪಡೆಯಬೇಕು.

ತರಗತಿಯ ಮರ್ಯಾದೆ

ಒಂದು ಕಂಬಕ್ಕೆ ಇಬ್ಬರು ಮೂವರು ಇರುವುದೇ ಹೆಚ್ಚು. ನಿಮ್ಮ ಸರದಿ ಮುಗಿದ ಮೇಲೆ ಕಂಬ ಒರೆಸಿ ಬಿಟ್ಟುಕೊಡಿ. ತಲೆಕೆಳಗಾಗಿರುವವರನ್ನು ಮಾತಾಡಿಸಬೇಡಿ, ಕೂಗಬೇಕಾದರೆ “ಹೊರಗಾಲು!” ಎಂಬ ಒಂದು ಪದ ಸಾಕು, ಅದೂ ಅವರೇ ಮೊದಲು ಕೇಳಿಕೊಂಡಿದ್ದರೆ. ವಿಡಿಯೊದಲ್ಲಿ ಹಿಂದೆ ಇನ್ನೊಬ್ಬರು ಕಂಡರೆ ಹಾಕುವ ಮುನ್ನ ಅವರನ್ನು ಕೇಳಿ. ಯಾರದಾದರೂ ನೃತ್ಯ ಸಂಯೋಜನೆ ಮಾಡಿದ್ದರೆ ಅವರ ಹೆಸರು ಹಾಕಿ.

ಇನ್ನೊಂದು ಮಾತು, ಇದು ನನ್ನ ಖಚಿತ ಅಭಿಪ್ರಾಯ. “ನಾವು ಮಾಡುವುದು ವ್ಯಾಯಾಮ, ಆ ಕ್ಲಬ್‌ನವರದಲ್ಲ” ಎಂದು ಎದ್ದುನಿಂತು ಹೇಳುವವರು ಇದ್ದಾರೆ. ಇಂದು ತರಗತಿಯಲ್ಲಿ ಕಲಿಯುವ ಎಷ್ಟೋ ಸ್ಪಿನ್‌ಗಳು, ಎತ್ತರದ ಹಿಮ್ಮಡಿಯ ಬೂಟುಗಳು, ನೆಲದ ಮೇಲಿನ ಚಲನೆಗಳು ಸ್ಟ್ರಿಪ್ ಕ್ಲಬ್‌ಗಳಲ್ಲಿ ದುಡಿದ ನರ್ತಕಿಯರು ಬೆಳೆಸಿದವು. ಅವರ ಕಲೆಯನ್ನು ಎತ್ತಿಕೊಂಡು ಅವರಿಂದ ದೂರ ಸರಿಯುವುದು ಉಂಡ ಮನೆಗೆ ಎರಡೆಣಿಸಿದಂತೆ.

ಇನ್ನೊಂದು ಪಕ್ಕ

ಕಂಬ ಬಲಕ್ಕೆ ಇಟ್ಟುಕೊಂಡು ಬಂದ ಲೆಗ್ ಹ್ಯಾಂಗ್ ಎಡಕ್ಕೆ ಇಟ್ಟುಕೊಂಡಾಗ ಬರುವುದಿಲ್ಲ. ಇನ್ವರ್ಟ್‌ಗೇ ಬಲ ಸಾಲುವುದಿಲ್ಲ, ಒಳ-ಹೊರದ ಲೆಕ್ಕ ಮತ್ತೆ ಮೊದಲಿನಿಂದ ಶುರು. ಬರುವ ಪಕ್ಕವನ್ನೇ ಮಾಡುತ್ತಾ ಹೋದರೆ ಒಂದು ಹೆಗಲಿಗೆ ಮಾತ್ರ ಭಾರ ಬಿದ್ದು ಅದೇ ಮೊದಲು ನೋಯುತ್ತದೆ. ಆದ್ದರಿಂದ ಮೈ ಬಿಸಿಯಾದ ಮೇಲಿನ ಮೊದಲ ಪ್ರಯತ್ನ ಬಾರದ ಪಕ್ಕಕ್ಕೆ ಇರಲಿ. ಅಲ್ಲಿ ಎರಡು, ಬರುವ ಪಕ್ಕದಲ್ಲಿ ಒಂದು. ಬಾರದ ಪಕ್ಕದಲ್ಲಿ ಪೂರ್ತಿ ಭಂಗಿ ಆಗದಿದ್ದರೆ ನಿಧಾನ ಇಳಿತಗಳನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ, ಮತ್ತೆ ಕೆಳಗಿರುವಾಗಲೇ ಹೇಳಿಕೊಳ್ಳಿ: ಕಂಬ ಎಡಕ್ಕೆ, ಎಡಗಾಲು ಒಳಗೆ.