ಹಿಂದಿನ ಬೆಳಕು, ಮುಂದಿನ ಬೆಳಕು: ಇ-ಇಂಕ್ ಚರ್ಚೆ ಗೋಜಲಾಗಿದ್ದು ಹೇಗೆ?

ಓದುವುದಕ್ಕೆ ಕಿಂಡಲ್‌ನಂಥ ಇ-ರೀಡರ್‌ಗಳ (ಪುಸ್ತಕ ಓದಲೆಂದೇ ಮಾಡಿದ ಸಾಧನಗಳ) ಕಾಗದದಂತೆ ಕಾಣುವ ಇ-ಇಂಕ್ ಪರದೆ ಒಳ್ಳೆಯದಾ, ಫೋನ್ ಅಥವಾ ಟ್ಯಾಬ್ಲೆಟ್ ಸಾಕಾ? ಹೀಗೆ ಕೇಳಿದ ಎರಡೇ ನಿಮಿಷಕ್ಕೆ ಮಾತು ನೀಲಿ ಬೆಳಕು, ನಿದ್ದೆ, ಕನ್ನಡಕ ಅಂತ ಎಲ್ಲೆಲ್ಲಿಗೋ ಹೋಗುತ್ತದೆ. ಶುರುವಿನಲ್ಲಿ ಇಷ್ಟೊಂದು ಸಿಕ್ಕು ಇರಲಿಲ್ಲ. ಒಂದು ಪರದೆ ಹೊಳೆಯುತ್ತಿತ್ತು, ಇನ್ನೊಂದು ಹೊಳೆಯುತ್ತಿರಲಿಲ್ಲ. ಅಷ್ಟೇ.

1970ರ ದಶಕದಲ್ಲಿ ಝೆರಾಕ್ಸ್‌ನ ಪಾರ್ಕ್ ಪ್ರಯೋಗಾಲಯದಲ್ಲಿ ನಿಕ್ ಶೆರಿಡನ್ ಅರ್ಧ ಕಪ್ಪು, ಅರ್ಧ ಬಿಳಿ ಇರುವ ಪುಟ್ಟ ಗುಂಡುಗಳನ್ನು ಕರೆಂಟಿನಿಂದ ತಿರುಗಿಸಿ ಅಕ್ಷರ ಮೂಡಿಸುವ ದಾರಿ ಹುಡುಕಿದರು. 1997ರಲ್ಲಿ ಎಂಐಟಿ ಮೀಡಿಯಾ ಲ್ಯಾಬ್‌ನ ಕೆಲಸದಿಂದ ಇ ಇಂಕ್ ಕಂಪನಿ ಹುಟ್ಟಿತು. 2004ರಲ್ಲಿ ಜಪಾನಿನಲ್ಲಿ ಆ ಕಂಪನಿಯ ಪರದೆ ಇದ್ದ ಸೋನಿಯ ಇ-ರೀಡರ್ ಲಿಬ್ರಿಯೆ ಬಂತು, 2007ರಲ್ಲಿ ಅಮೆಜಾನ್‌ನ ಕಿಂಡಲ್.

ಇ-ಇಂಕ್ ಪರದೆಯೊಳಗೆ ಕೂದಲೆಳೆಯಷ್ಟು ದಪ್ಪದ ಲಕ್ಷಾಂತರ ಗುಳಿಗೆಗಳಿರುತ್ತವೆ. ಒಂದೊಂದರಲ್ಲೂ ತಿಳಿಯಾದ ದ್ರವ, ಅದರಲ್ಲಿ ತೇಲುವ ಬಿಳಿ ಮತ್ತು ಕಪ್ಪು ಕಣಗಳು. ಕರೆಂಟ್ ಹರಿಸಿದ ದಿಕ್ಕಿಗೆ ತಕ್ಕಂತೆ ಬಿಳಿಯದೋ ಕಪ್ಪೋ ಮೇಲೆ ಬರುತ್ತದೆ. ಬಂದ ಮೇಲೆ ಅಲ್ಲೇ ನಿಲ್ಲುತ್ತದೆ, ಮತ್ತೆ ಕರೆಂಟ್ ಬೇಡ. ವಾರಗಟ್ಟಲೆ ಚಾರ್ಜ್ ಬರುವುದರ ಗುಟ್ಟು ಇದು. ಪುಟ ತಿರುಗಿಸುವಾಗ ಪರದೆ ಆಗಾಗ ಕಪ್ಪಗೆ ಮಿಣುಕುತ್ತದೆ, ಅಲ್ವಾ? ಅದು ಕೆಟ್ಟುಹೋದ ಲಕ್ಷಣ ಅಲ್ಲ. ಹಾಗೆ ಮಿಣುಕದಿದ್ದರೆ ಹಿಂದಿನ ಪುಟದ ಸಾಲುಗಳು ಸರಿಯಾಗಿ ಒರೆಸದ ಸ್ಲೇಟಿನ ಹಾಗೆ ಮಸುಕು ಮಸುಕಾಗಿ ಉಳಿದುಬಿಡುತ್ತವೆ.

ಫೋನ್, ಟ್ಯಾಬ್ಲೆಟ್‌ಗಳಲ್ಲಿ ಇರುವುದು ಎಲ್‌ಸಿಡಿ ಅಥವಾ ಒಎಲ್‌ಇಡಿ ಪರದೆ. ಎಲ್‌ಸಿಡಿಯಲ್ಲಿ ದೀಪ ಹಿಂದೆ ಇರುತ್ತದೆ, ಮುಂದಿನ ಚುಕ್ಕಿಗಳು ಆ ಬೆಳಕನ್ನು ಬಿಡುತ್ತವೆ ಅಥವಾ ತಡೆಯುತ್ತವೆ. ಒಎಲ್‌ಇಡಿಯಲ್ಲಂತೂ ಹಿಂದೆ ದೀಪವೇ ಇಲ್ಲ, ಚುಕ್ಕಿ ಚುಕ್ಕಿಯೂ ತಾನೇ ಬೆಳಗುತ್ತದೆ. ಎರಡನ್ನೂ ಬಿಸಿಲಿಗೆ ತಂದರೆ ಅಕ್ಷರಕ್ಕಿಂತ ನಮ್ಮ ಮುಖವೇ ಜಾಸ್ತಿ ಕಾಣುತ್ತದೆ. ಇ-ಇಂಕ್ ಬಿಸಿಲಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಆದರೆ ಮೊದಲೆಲ್ಲ ಕತ್ತಲಾದರೆ ಅದು ಬರೀ ಹಲಗೆ. ಆಗೆಲ್ಲ ಜನ ಅದರ ಅಂಚಿಗೆ ಕ್ಲಿಪ್ ದೀಪ ಸಿಕ್ಕಿಸಿಕೊಂಡು ಓದುತ್ತಿದ್ದರು.

ಗೋಜಲು ಶುರುವಾಗಿದ್ದು 2012ರಲ್ಲಿ ಅಂತ ನನಗನ್ನಿಸುತ್ತದೆ. ಆ ವರ್ಷ ನೂಕ್, ಕೋಬೋ, ಕಿಂಡಲ್ ಮೂರೂ ಇ-ರೀಡರ್‌ಗಳಲ್ಲಿ ದೀಪ ಬಂತು. ಪರದೆಯ ಅಂಚಿನಲ್ಲಿ ಸಣ್ಣ ಎಲ್‌ಇಡಿಗಳು, ಮೇಲೆ ಬೆಳಕು ಹರಡುವ ತೆಳು ಹಾಳೆ. ಬೆಳಕು ಮೊದಲು ಪುಟದ ಮೇಲೆ ಬಿದ್ದು, ಆಮೇಲೆ ಕಣ್ಣಿಗೆ ಬರುತ್ತದೆ. ನೋಡುವವರಿಗೆ ಮಾತ್ರ ಇದೂ ಹೊಳೆಯುವ ಪರದೆಯೇ. ‘ಇದಕ್ಕೂ ಟ್ಯಾಬ್ಲೆಟ್‌ಗೂ ಏನು ವ್ಯತ್ಯಾಸ’ ಅನ್ನುವ ಪ್ರಶ್ನೆ ಅಲ್ಲಿಂದ ಬಂತು. ಸುಮ್ನೆ ಕೇಳಿದ ಪ್ರಶ್ನೆಯೇನೂ ಅಲ್ಲ.

2014ರ ಕೊನೆಯಲ್ಲಿ ಅಮೆರಿಕದ ಒಂದು ಅಧ್ಯಯನ ಹೊರಬಂತು. ಮಲಗುವ ಮುನ್ನ ನಾಲ್ಕು ಗಂಟೆ ಹೊಳೆಯುವ ಇ-ರೀಡರ್‌ನಲ್ಲಿ ಓದಿದವರಿಗೆ, ಕಾಗದದ ಪುಸ್ತಕ ಓದಿದಾಗಿನದಕ್ಕಿಂತ ಸುಮಾರು 10 ನಿಮಿಷ ತಡವಾಗಿ ನಿದ್ದೆ ಬಂತು ಅನ್ನುವುದು ಅದರ ಸಾರ. ಸುದ್ದಿ ‘ಇ-ರೀಡರ್ ನಿದ್ದೆ ಕೆಡಿಸುತ್ತದೆ’ ಅಂತ ಹಬ್ಬಿತು. ಆದರೆ ಅಲ್ಲಿ ಬಳಸಿದ್ದು ಐಪ್ಯಾಡ್, ಅದೂ ಪೂರ್ತಿ ಬ್ರೈಟ್‌ನೆಸ್‌ನಲ್ಲಿ, ಮಂದ ಬೆಳಕಿನ ಕೋಣೆಯಲ್ಲಿ. ಓದಿದವರು 12 ಜನ. ಇ-ಇಂಕ್‌ಗೆ ಅದರಲ್ಲಿ ಪಾತ್ರವೇ ಇರಲಿಲ್ಲ, ಹೆಸರು ಮಾತ್ರ ಕೆಟ್ಟಿತು.

ಆಮೇಲೆ ಎಲ್ಲ ದೋಷವೂ ಪರದೆಯಿಂದ ಬರುವ ನೀಲಿ ಬೆಳಕಿನ ತಲೆಗೆ ಬಂತು. 2016ರಲ್ಲಿ ಐಫೋನಿಗೆ ರಾತ್ರಿ ಪರದೆಯನ್ನು ಹಳದಿ ಮಾಡುವ ಸೌಲಭ್ಯ ಬಂತು, ನೀಲಿ ತಡೆಯುವ ಕನ್ನಡಕಗಳೂ ಬಂದವು. ಹಲವು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಅಳೆದು ನೋಡುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆ ಅಂಥ ಕನ್ನಡಕದಿಂದ ಕಣ್ಣಿನ ದಣಿವು ಕಡಿಮೆಯಾಗುವುದು ಅನುಮಾನ ಅಂದಿತು. ಕಣ್ಣು ಉರಿಯಲು ಸಾದಾ ಕಾರಣವೊಂದಿದೆ: ಪರದೆ ದಿಟ್ಟಿಸುವಾಗ ನಾವು ರೆಪ್ಪೆ ಬಡಿಯುವುದೇ ಕಡಿಮೆ. ಇ-ಇಂಕ್ ಹಿಡಿದರೂ ಆ ಅಭ್ಯಾಸ ತಾನಾಗಿ ಬಿಡುವುದಿಲ್ಲ. ಫೋನಿನ ಪಕ್ಕ ಒಂದು ಬಿಳಿ ಹಾಳೆ ಇಟ್ಟು, ಎರಡೂ ಒಂದೇ ಥರ ಕಾಣುವವರೆಗೆ ಬ್ರೈಟ್‌ನೆಸ್ ಇಳಿಸಿ ನೋಡಿ. ಅರ್ಧ ಜಗಳ ಅಲ್ಲೇ ಕರಗುತ್ತದೆ.

ಉಳಿದರ್ಧ ಬೆಳಕಿನದಲ್ಲ. ಇ-ಇಂಕ್ ನಿಧಾನ, ಅದರಲ್ಲಿ ವಿಡಿಯೋ ನೋಡುವುದು ಹಿಂಸೆ. ಹಾಗಾಗಿ ಓದಲು ಕೂತವರು ಓದುತ್ತಲೇ ಇದ್ದರು. ಈಗ ಬಣ್ಣ ಬಂದಿದೆ, ಅದರ ಫಿಲ್ಟರ್‌ನಿಂದ ಪುಟ ಕೊಂಚ ಕಪ್ಪಿಟ್ಟಿದೆ. ಆಂಡ್ರಾಯ್ಡ್ ಇರುವ ಇ-ಇಂಕ್ ಟ್ಯಾಬ್ಲೆಟ್‌ಗಳೂ ಬಂದಿವೆ. ಓದುತ್ತಿದ್ದ ಸಾಲಿನ ಮೇಲೆ ಮೆಸೇಜು ಈಗ ಅಲ್ಲೂ ಇಣುಕುತ್ತದೆ, ಸ್ವಲ್ಪ ತಡವಾಗಿ, ಬೂದು ಬಣ್ಣದಲ್ಲಿ.